ಹಳೇ ಗೋಡೆ, ತುಕ್ಕು ಶಟರ್: ಕಣ್ಣಿಗೆ ಕಂಡ ಬಣ್ಣ ಫೋಟೋದಲ್ಲಿ ಯಾಕೆ ಬರುವುದಿಲ್ಲ?

ಸಂತೇಪೇಟೆ ಸುತ್ತಾಟ (ಮೈಸೂರು):

ಎಲ್ಲರಿಗೂ ನಮಸ್ಕಾರ. ಈ ಫೋಟೋ ಗುಂಪಿನಲ್ಲಿ ಹಕ್ಕಿ, ಕೆರೆ, ದಸರಾ ದೀಪದ ಫೋಟೋ ಹಾಕುವವರು ತುಂಬ ಜನ ಇದ್ದೀರಿ. ನನ್ನ ಹುಚ್ಚು ಸ್ವಲ್ಪ ಬೇರೆ. ಭಾನುವಾರ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಸಂತೇಪೇಟೆ, ಮಂಡಿ ಮೊಹಲ್ಲಾ, ಅಶೋಕ ರಸ್ತೆಯ ಹಿಂದಿನ ಗಲ್ಲಿಗಳಲ್ಲಿ ಕ್ಯಾಮೆರಾ ಹಿಡಿದು ಸುತ್ತುತ್ತೇನೆ. ತುಕ್ಕು ಹಿಡಿದ ಶಟರ್, ಹಕ್ಕಳೆ ಎದ್ದ ಗೋಡೆ, ಪೋಸ್ಟರ್ ಮೇಲೆ ಪೋಸ್ಟರ್ ಅಂಟಿಸಿ ಅರ್ಧ ಕಿತ್ತುಹೋದ ಕಾಂಪೌಂಡು. ನನಗೆ ಇವೇ ಬೇಕು.

ಒಂದು ಗೋಣಿಚೀಲದ ಅಂಗಡಿಯ ಶಟರ್ ಇದೆ. ಮೇಲೆ ಕಡು ಹಸಿರು. ಅದು ಎದ್ದ ಕಡೆಯೆಲ್ಲ ತಿಳಿ ನೀಲಿ. ಅದರ ಕೆಳಗೆ ಇಟ್ಟಿಗೆ ಕೆಂಪು. ತಳದ ಪಟ್ಟಿಯನ್ನು ದಿನಾ ಕಾಲಲ್ಲಿ ಒತ್ತಿ ಒತ್ತಿ ಅಲ್ಲಿ ಬರೀ ಕಬ್ಬಿಣ ಹೊಳೆಯುತ್ತದೆ. ಎದುರಿಗೆ ನಿಂತರೆ ಕಣ್ಣು ಕೀಳಲು ಆಗುವುದಿಲ್ಲ. ಮನೆಗೆ ಬಂದು ಫೋಟೋ ನೋಡಿದರೆ ಒಂದು ಹಳೇ ಶಟರ್, ಅಷ್ಟೇ. ಅಮ್ಮನಿಗೆ ತೋರಿಸಿದೆ. "ಯಾರದ್ದೇ ಈ ಅಂಗಡಿ, ಒಂದು ಕೋಟ್ ಪೇಂಟ್ ಹೊಡೆಸೋಕೆ ಏನು ಕಷ್ಟ ಅವರಿಗೆ" ಅಂದರು. ಫೋಟೋ ಕೆಳಗೆ ಹಾಕಿದ್ದೇನೆ, ನೋಡಿ.

ನನ್ನ ಹತ್ತಿರ ಇರುವುದು ಹಳೇ ಕ್ಯಾನನ್ ಕ್ಯಾಮೆರಾ, 18-55 ಝೂಮ್ ಲೆನ್ಸ್. ಜೊತೆಗೆ ಫೋನ್. ಲೆನ್ಸ್ ಬದಲಾಯಿಸಬೇಕಾ, ಬೆಳಕಿನ ಸಮಸ್ಯೆಯಾ, ಇಲ್ಲಾ ನೋಡುವುದರಲ್ಲೇ ಏನಾದರೂ ಬಿಟ್ಟುಹೋಗುತ್ತಿದೆಯಾ? ಇನ್ನೊಂದು ವಿಷಯ. ಅಂಗಡಿಯವರು ಬಂದು "ಕಾರ್ಪೊರೇಷನ್‌ನಿಂದ ಬಂದಿದ್ದೀರಾ?" ಅಂತ ಕೇಳಿದರೆ ನೀವೆಲ್ಲ ಏನು ಹೇಳುತ್ತೀರಿ?

ಎಂಟರ ಅಪರ್ಚರ್ (ಬೆಂಗಳೂರು):

ಲೆನ್ಸ್ ಸಾಕು. ಆದರೆ 18ರಲ್ಲಿ ತೆಗೆಯಬೇಡಿ, ಅಕ್ಕಪಕ್ಕದ್ದೆಲ್ಲ ಬಂದುಬಿಡುತ್ತದೆ. 55ಕ್ಕೆ ತಿರುಗಿಸಿ ಅಲ್ಲೇ ಬಿಟ್ಟುಬಿಡಿ.

ನಿಮ್ಮ ಫೋಟೋದಲ್ಲಿ ಬೀಗ ಇದೆ, ಮೆಟ್ಟಿಲಿದೆ, ಮೇಲೆ ಬೋರ್ಡಿನ ತುದಿ ಇದೆ, ಪಕ್ಕದಲ್ಲಿ ಸ್ಕೂಟರಿನ ಅರ್ಧ ಚಕ್ರ ಇದೆ. ಇಷ್ಟೆಲ್ಲ ಸುಳಿವು ಸಿಕ್ಕರೆ ನೋಡುವವರು "ಓ, ಶಟರ್" ಅಂದುಕೊಂಡು ಮುಂದೆ ಹೋಗುತ್ತಾರೆ. ಬಣ್ಣದ ತನಕ ಬರುವುದೇ ಇಲ್ಲ. ನಿಮ್ಮ ಅಮ್ಮ ಹೇಳಿದ್ದು ಸರಿಯಾಗೇ ಇದೆ, ಅವರಿಗೆ ನೀವು ತೋರಿಸಿದ್ದು ಅಂಗಡಿಯನ್ನೇ. ಹತ್ತಿರ ಹೋಗಿ. ಹಸಿರು ಮುಗಿದು ನೀಲಿ ಶುರುವಾಗುವ ಒಂದು ಗೇಣು ಜಾಗ ಇರುತ್ತದಲ್ಲ, ಅಷ್ಟೇ ತೆಗೆಯಿರಿ. ಕ್ಯಾಮೆರಾ ಅಂಗಡಿಯ ಶಟರಿಗೆ ನೇರವಾಗಿರಲಿ, ಒಂದು ಚೂರು ವಾಲಿದರೂ ಆ ಅಡ್ಡ ಗೆರೆಗಳು ಓಡಿಹೋಗುತ್ತವೆ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಎಂಟಕ್ಕೆ ಇಡಿ (f/8), ಮೂಲೆ ಮೂಲೆಗೂ ಫೋಕಸ್ ಸಿಗುತ್ತದೆ. ಕ್ಲಿಕ್ ಮಾಡುವ ಮುಂಚೆ ನಡುವೆ ನೋಡಬೇಡಿ, ನಾಲ್ಕು ಅಂಚು ನೋಡಿ. ಯಾವ ಬಣ್ಣ ಎಲ್ಲಿ ಚೌಕಟ್ಟಿನಿಂದ ಹೊರಗೆ ಹೋಗುತ್ತಿದೆ ಅನ್ನುವುದರ ಮೇಲೇ ಎಲ್ಲ ನಿಂತಿದೆ.

ಆರನ್ ಸಿಸ್ಕಿಂಡ್ ಅಂತ ಒಬ್ಬರಿದ್ದರು, ನ್ಯೂಯಾರ್ಕಿನವರು (1903-1991). ಮೊದಲು ಹಾರ್ಲೆಮ್ ಬೀದಿಗಳ ಜನರ ಫೋಟೋ ತೆಗೆಯುತ್ತಿದ್ದವರು. 1940ರ ದಶಕದಲ್ಲಿ ಜನರನ್ನು ಬಿಟ್ಟು ಸುಲಿದ ಪೇಂಟು, ಹರಿದ ಪೋಸ್ಟರು, ಡಾಂಬರಿನ ಗೀರು ಇವುಗಳ ಹಿಂದೆ ಬಿದ್ದರು. ಅಮೂರ್ತ ಚಿತ್ರ ಬರೆಯುತ್ತಿದ್ದ ಫ್ರಾಂಜ್ ಕ್ಲೈನ್ ತರಹದ ಚಿತ್ರಕಾರರು ಅವರ ಗೆಳೆಯರು, ಆ ಫೋಟೋಗಳನ್ನು ಪೇಂಟಿಂಗ್ ಅಂದರೂ ನಂಬಬಹುದು. ತಮಾಷೆ ಅಂದರೆ ಅವೆಲ್ಲ ಕಪ್ಪು ಬಿಳುಪು. ಹಾಗಾಗಿ ನಾನು ಒಂದು ಪರೀಕ್ಷೆ ಮಾಡುತ್ತೇನೆ. ತೆಗೆದ ಫೋಟೋವನ್ನು ಕಪ್ಪು ಬಿಳುಪು ಮಾಡಿ ನೋಡುತ್ತೇನೆ. ಆಗಲೂ ಏನೋ ಉಳಿದಿದ್ದರೆ ಗೆದ್ದ ಹಾಗೆ. ಬರೀ ಬೂದಿ ಬಣ್ಣದ ಹರವು ಕಂಡರೆ ಅಲ್ಲಿ ಬಣ್ಣ ಇತ್ತು, ಆಕಾರ ಇರಲಿಲ್ಲ.

ಫೋನಾದರೆ ವೈಡ್ ಲೆನ್ಸ್ ಬೇಡವೇ ಬೇಡ. ಎರಡು ಪಟ್ಟು ಝೂಮ್ ಇಟ್ಟು ಹಿಂದೆ ಸರಿದು ನಿಲ್ಲಿ. ಬಣ್ಣ ತಾನೇ ಏರಿಸುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ, ಅದು ತುಕ್ಕನ್ನೆಲ್ಲ ಕಿತ್ತಳೆ ಜ್ಯೂಸ್ ಮಾಡಿಬಿಡುತ್ತದೆ.

ಬ್ರಷ್ ಬಕೆಟ್ಟು (ಬೆಂಗಳೂರು):

ನಾನು ಫೋಟೋಗ್ರಾಫರ್ ಅಲ್ಲ. ಪೇಂಟಿಂಗ್ ಕಂಟ್ರಾಕ್ಟು ಮಾಡುತ್ತಿದ್ದವನು, ಈಗ ಮಗ ನೋಡಿಕೊಳ್ಳುತ್ತಾನೆ. ಈ ಗುಂಪಿಗೆ ಬಂದದ್ದು ಮೊಮ್ಮಗಳ ನಾಟ್ಯದ ಫೋಟೋ ಸರಿಯಾಗಿ ತೆಗೆಯಬೇಕು ಅಂತ. ನಿಮ್ಮ ಪ್ರಶ್ನೆ ಓದಿ ನಗು ಬಂತಮ್ಮ. ನಾವು ಯಾವುದನ್ನು ನೋಡಿ ತಲೆ ಚಚ್ಚಿಕೊಳ್ಳುತ್ತೇವೋ ಅದನ್ನೇ ಹುಡುಕಿಕೊಂಡು ಹೋಗುತ್ತಿದ್ದೀರಿ. ಇರಲಿ. ಹುಡುಕುವುದಾದರೆ ಎಲ್ಲಿ ಸಿಗುತ್ತದೆ ಅಂತ ನಾನು ಹೇಳುತ್ತೇನೆ.

ನಿಮ್ಮ ಶಟರಿನ ಇಟ್ಟಿಗೆ ಕೆಂಪು ತುಕ್ಕಲ್ಲ. ಅದು ರೆಡ್ ಆಕ್ಸೈಡ್ ಪ್ರೈಮರ್. ಕಬ್ಬಿಣಕ್ಕೆ ಮೊದಲು ಅದನ್ನು ಹೊಡೆದೇ ಮೇಲೆ ಬಣ್ಣ ಕೊಡುವುದು. ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದೆ, ತುಕ್ಕೂ ಇದೆ, ಆದರೆ ಬೇರೆ ಜಾಗದಲ್ಲಿ. ಪ್ರೈಮರ್ ಆದರೆ ಎಲ್ಲ ಕಡೆ ಒಂದೇ ಸಮ, ಮಂಕು ಮಂಕು. ತುಕ್ಕು ಹಾಗಲ್ಲ. ಗೀರು ಬಿದ್ದ ಕಡೆಯಿಂದ ಹೊರಡುತ್ತದೆ, ಅಂಚಲ್ಲಿ ಹಳದಿ, ಒಳಗೆ ಕಿತ್ತಳೆ, ನಡುವೆ ಕಾಫಿ ಕಪ್ಪು. ಮಳೆಗೆ ಕೆಳಗೆ ಇಳಿದು ಗೆರೆಯಾಗುತ್ತದೆ. ಒಂದೇ ಶಟರಿನಲ್ಲಿ ಎರಡು ಕೆಂಪು ಇವೆ. ಒಂದು ಮನುಷ್ಯ ಬಳಿದದ್ದು, ಇನ್ನೊಂದು ತಾನಾಗಿ ಬಂದದ್ದು. ನಾನಾಗಿದ್ದರೆ ಅವೆರಡೂ ಪಕ್ಕಪಕ್ಕ ಇರುವ ಜಾಗ ಹುಡುಕುತ್ತಿದ್ದೆ.

ಇನ್ನು ಗೋಡೆ. ಹಳೇ ಮೈಸೂರು ಅಂಗಡಿ, ಮನೆ ಎಲ್ಲ ಮೊದಲು ಸುಣ್ಣದ್ದು. ಹಬ್ಬಕ್ಕೆ ಒಂದು ಕೋಟ್ ಅಂತ ಹೊಡೆಯುತ್ತಾ ಬಂದಿರುತ್ತಾರೆ, ಬೆಳ್ಳಗೆ ಕಾಣಲಿ ಅಂತ ಸ್ವಲ್ಪ ನೀಲಿ ಹಾಕಿ. ಕೆಲವರು ಕೈ ಜಾಸ್ತಿ ಮಾಡಿ ಪೂರ್ತಿ ಆಕಾಶ ನೀಲಿ ಮಾಡಿರುತ್ತಾರೆ. ಸುಣ್ಣದಲ್ಲಿ ಗೋಡೆಯ ತೇವ ಹೊರಗೆ ಹೋಗುತ್ತದೆ. ಆಮೇಲೆ ಬಂದ ಮಾಲೀಕರು ಕೊಳೆ ಕಾಣಬಾರದು ಅಂತ ನೆಲದಿಂದ ಮೂರು ನಾಲ್ಕು ಅಡಿ ಆಯಿಲ್ ಪೇಂಟ್ ಪಟ್ಟಿ ಹೊಡೆಸುತ್ತಾರೆ. ಬೇಡ ಅಂದರೆ ಕೇಳುವುದಿಲ್ಲ. ನೆಲದ ತೇವ ಮೇಲೆ ಏರುತ್ತದೆ, ಆಯಿಲ್ ಪೇಂಟ್ ಬಿಡುವುದಿಲ್ಲ, ಒಳಗೇ ಸೇರಿಕೊಂಡು ಹಪ್ಪಳದ ಹಾಗೆ ಉಬ್ಬಿಸುತ್ತದೆ. ಉಬ್ಬಿದ್ದು ಒಡೆದರೆ ಒಳಗಿನ ಹಳೇ ಸುಣ್ಣದ ಬಣ್ಣಗಳು ಒಂದೊಂದೇ ಹೊರಗೆ. ಬಿಳಿ ಪುಡಿ ಕಂಡರೆ ಅದು ಗೋಡೆಯ ಉಪ್ಪು.

ಹಾಗಾಗಿ ನೀವು ನಿಂತುಕೊಂಡು ಯಾಕೆ ನೋಡುತ್ತೀರಿ? ಸೊಂಟದ ಕೆಳಗೆ ನೋಡಿ. ಒಳ್ಳೇ ಮಾಲೆಲ್ಲ ಅಲ್ಲೇ ಇರುವುದು. ಒಂದು ಗೋಣಿಚೀಲ ಹಾಕಿಕೊಂಡು ಕೂತುಬಿಡಿ. ನಿಮ್ಮ ಅಂಗಡಿಯವರೇ ಕೊಟ್ಟಾರು.

ಬೆಳಕಿನದ್ದೂ ಹೇಳಿಬಿಡುತ್ತೇನೆ. ಪುಟ್ಟಿ ಸಮವಾಗಿ ಕೂತಿದೆಯಾ ನೋಡಲು ನಾವು ಬಲ್ಬನ್ನು ಗೋಡೆಗೆ ತಾಗಿಸಿದ ಹಾಗೆ ಪಕ್ಕದಿಂದ ಹಿಡಿಯುತ್ತೇವೆ. ಎದುರಿಂದ ಹಿಡಿದರೆ ಏನೂ ಕಾಣುವುದಿಲ್ಲ. ಪಕ್ಕದಿಂದ ಹಿಡಿದರೆ ಕೂದಲೆಳೆ ತಗ್ಗೂ ನೆರಳು ಬಿಡುತ್ತದೆ. ಪೂರ್ವಕ್ಕೆ ಮುಖ ಮಾಡಿದ ಗೋಡೆಗೆ ಬೆಳಿಗ್ಗೆ ಏಳಕ್ಕೆ ಬಿಸಿಲು ಎದುರಿಂದಲೇ ಬೀಳುತ್ತದೆ. ಅದೇ ಗೋಡೆಗೆ ಹನ್ನೊಂದೂವರೆ ಮೇಲೆ ಹೋಗಿ. ಸೂರ್ಯ ಮೇಲಿಂದ ಗೋಡೆ ಸವರಿಕೊಂಡು ಇಳಿಯುತ್ತಾನೆ. ಏಪ್ರಿಲ್ ಕೊನೆಯ ಹೊತ್ತಿಗೆ ನಮ್ಮ ಕಡೆ ನಡುಮಧ್ಯಾಹ್ನ ನೆತ್ತಿ ಮೇಲೇ ಇರುತ್ತಾನಲ್ಲ, ಆಗ ಒಂದೊಂದು ಹಕ್ಕಳೆಗೂ ಉದ್ದ ನೆರಳು. ಫೋಟೋದವರು ಮಧ್ಯಾಹ್ನದ ಬಿಸಿಲು ಕೆಟ್ಟದ್ದು ಅನ್ನುತ್ತಾರೆ. ಮುಖಕ್ಕೆ ಕೆಟ್ಟದ್ದಿರಬಹುದು.

ದಕ್ಕೆ ಬದಿ (ಮಂಗಳೂರು):

ಪೇಂಟರ್ ಅಣ್ಣನಿಗೆ ಒಂದು ನಮಸ್ಕಾರ ಮಾರಾಯ್ರೇ. ಸೊಂಟದ ಕೆಳಗೆ ನೋಡಬೇಕು ಅಂತ ನನಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲ.

ನಮ್ಮಲ್ಲಿ ಮಳೆ ಜಾಸ್ತಿ, ಹಾಗಾಗಿ ತುಕ್ಕಿಗಿಂತ ಪಾಚಿಯೇ ಹೆಚ್ಚು ಉಂಟು. ಮುರಕಲ್ಲಿನ ಕೆಂಪು, ಅದರ ಮೇಲೆ ಪಾಚಿಯ ಹಸಿರು, ಅದೇ ಪಾಚಿ ಬೇಸಿಗೆಯಲ್ಲಿ ಒಣಗಿ ಕಪ್ಪು ಗೆರೆ. ಬಂದರು ಕಡೆ ಹಳೇ ಗೋದಾಮುಗಳ ಗೋಡೆ ಪೂರ್ತಿ ಇದೇ. ಆದರೆ ನನ್ನ ಇಷ್ಟ ಬೋಟುಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಒಟ್ಟು 61 ದಿನ. ಆಗ ಬೋಟು ಮೇಲೆ ಎಳೆದು ಹಳೇ ಬಣ್ಣ ಕೆರೆದು ಹೊಸದು ಹೊಡೆಯುತ್ತಾರೆ. ಕೆರೆದ ಮೇಲೆ, ಹೊಸ ಬಣ್ಣದ ಮುಂಚೆ, ನಡುವೆ ಸ್ವಲ್ಪ ಸಮಯ ಸಿಗುತ್ತದೆ. ಹಳದಿ, ನೀಲಿ, ಬಿಳಿ ಎಲ್ಲ ಪದರವೂ ಒಟ್ಟಿಗೆ ಕಾಣುತ್ತದೆ. ನೀರೊಳಗೆ ಇರುವ ಭಾಗಕ್ಕೆ ಚಿಪ್ಪು ಗಿಪ್ಪು ಅಂಟದ ಹಾಗೆ ತಾಮ್ರದ ಅಂಶ ಇರುವ ಕಂದುಗೆಂಪು ಪೇಂಟ್ ಹೊಡೆಯುತ್ತಾರೆ. ಅದರ ಗೆರೆಯೇ ಫೋಟೋಗೆ ಒಂದು ದಿಗಂತ ಕೊಡುತ್ತದೆ.

ಮೋಡ ಇರುವ ದಿನ, ಹನಿ ಬಿದ್ದು ನಿಂತ ಮೇಲೆ ಹೋಗಿ ನೋಡಿ. ಒಣ ಗೋಡೆಯ ಮೇಲೆ ಧೂಳು, ಒರಟು ಎಲ್ಲ ಸೇರಿ ಬೆಳಕನ್ನು ಚೆದುರಿಸಿ ಬಣ್ಣಕ್ಕೆ ಬಿಳಿ ಮುಸುಕು ಹಾಕುತ್ತವೆ. ಒದ್ದೆಯಾದರೆ ಆ ಮುಸುಕು ಹೋಗುತ್ತದೆ, ಬಣ್ಣ ಗಾಢವಾಗುತ್ತದೆ. ಆದರೆ ಒದ್ದೆ ಎನಾಮಲ್ ಪೇಂಟ್ ಮೇಲೆ ಆಕಾಶ ಹೊಳೆಯುತ್ತದೆ, ಅದಕ್ಕೆ ಲೆನ್ಸಿನ ಮುಂದೆ ಹಾಕಿ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಬೇಕು. ಸ್ವಲ್ಪ ಓರೆಯಾಗಿ ನಿಂತು ಫಿಲ್ಟರ್ ತಿರುಗಿಸಿ. ನೇರ ಎದುರಿಗೆ ನಿಂತರೆ ಅದು ಅಷ್ಟು ಕೆಲಸ ಮಾಡುವುದಿಲ್ಲ. ಇನ್ನೊಂದು, ಮಾರ್ಕೆಟಿನಲ್ಲಿ ನೀಲಿ ಟಾರ್ಪಾಲಿನ ಕೆಳಗೆ ತೆಗೆಯುವಾಗ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಸೆಟ್ಟಿಂಗ್) ಆಟೋದಲ್ಲಿ ಬಿಡಬೇಡಿ. ಒಂದು ಬಿಳಿ ಕಾಗದ ಇಟ್ಟು ಸೆಟ್ ಮಾಡಿ. ಇಲ್ಲದಿದ್ದರೆ ಒಂದು ಫೋಟೋದ ಹಸಿರು ಇನ್ನೊಂದರಲ್ಲಿ ಇರುವುದಿಲ್ಲ.

ಅಂಗಡಿಯವರಿಗೆ ನಾನು ಮಾತಿಗಿಂತ ಮೊದಲು ಕ್ಯಾಮೆರಾದ ಸ್ಕ್ರೀನ್ ತೋರಿಸುತ್ತೇನೆ. ಅವರದೇ ಬಾಗಿಲು ಅಂತ ಅವರಿಗೇ ಗೊತ್ತಾಗುವುದಿಲ್ಲ. ಆಮೇಲೆ ಯಾರೂ ಬೈದದ್ದಿಲ್ಲ. ಚಾ ಕುಡಿಸಿದವರು ಉಂಟು.

ಚಿಕ್ಕಗಡಿಯಾರ (ಮೈಸೂರು):

ಓದಿ ಸ್ವಲ್ಪ ಕಿರಿಕಿರಿ ಆಯಿತು, ಬೇಜಾರು ಮಾಡಿಕೊಳ್ಳಬೇಡಿ. ಮೈಸೂರಿನಲ್ಲಿ ಇದ್ದುಕೊಂಡು ಶಿಥಿಲ ಗೋಡೆಯನ್ನು ಸುಂದರ ಅನ್ನುವುದು ನನಗೆ ಕಷ್ಟ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿತ್ತು, ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ನೀವು ಬಣ್ಣದ ಪದರ ಅನ್ನುವುದು ನಮಗೆ ರಿಪೇರಿ ಮಾಡದೆ ಬಿಟ್ಟ ವರ್ಷಗಳ ಲೆಕ್ಕ. ಒಂದು ಗೇಣು ಮಾತ್ರ ತೆಗೆಯಿರಿ ಅನ್ನುವ ಸಲಹೆ ಬೇರೆ. ಆ ಗೇಣಿನ ಆಚೆ ಕೂತು ಹೂ ಕಟ್ಟುವವರನ್ನು ಕತ್ತರಿಸಿ ಬಿಸಾಕಿದ ಹಾಗೆ ಅಲ್ವಾ?

ಬ್ರಷ್ ಬಕೆಟ್ಟು (ಬೆಂಗಳೂರು):

ಸಾರ್, ನೀವು ಹೇಳುವುದರಲ್ಲಿ ಅರ್ಧ ಒಪ್ಪುತ್ತೇನೆ. ಆದರೆ ಪೇಂಟ್ ಏಳುವುದು ಬೇರೆ, ಗೋಡೆ ಬೀಳುವುದು ಬೇರೆ. ಗಟ್ಟಿ ಗೋಡೆಯ ಮೇಲೂ ಪೇಂಟ್ ಏಳುತ್ತದೆ, ಕಾರಣ ಆಗಲೇ ಹೇಳಿದೆ. ಹೊಸದಾಗಿ ಬಳಿದ ಗೋಡೆಯ ಒಳಗೆ ಗಾರೆ ಪೊಳ್ಳಾಗಿರುವುದೂ ಉಂಟು. ಮೇಲಿನ ಬಣ್ಣ ನೋಡಿ ಕಟ್ಟಡದ ಆರೋಗ್ಯ ಹೇಳಲು ಆಗುವುದಿಲ್ಲ. ನಾವು ಬೆರಳ ಗಂಟಿನಿಂದ ತಟ್ಟಿ ನೋಡುತ್ತೇವೆ. ಗಟ್ಟಿ ಇದ್ದರೆ ಒಂದು ಸದ್ದು, ಪೊಳ್ಳು ಇದ್ದರೆ ಡಬ್ ಡಬ್ ಅನ್ನುತ್ತದೆ. ಪ್ರಶ್ನೆ ಕೇಳಿದ ಹುಡುಗಿಗೂ ಒಂದು ಮಾತು ಹೇಳುತ್ತೇನೆ: ಗಾರೆ ಹೊಟ್ಟೆ ಬಂದ ಹಾಗೆ ಉಬ್ಬಿದ್ದರೆ, ಅಡ್ಡಡ್ಡ ದೊಡ್ಡ ಬಿರುಕು ಇದ್ದರೆ, ಅದರ ಕೆಳಗೆ ಕೂರಬೇಡಿ. ಎಷ್ಟೇ ಚೆಂದದ ಬಣ್ಣ ಇದ್ದರೂ ಬೇಡ.

ಹೂ ಕಟ್ಟುವವರನ್ನು ಬಿಟ್ಟಿದ್ದಕ್ಕೆ ನನಗೆ ಬೇಸರ ಇಲ್ಲ. ದಿನಾ ಅವರ ಫೋಟೋ ತೆಗೆಯಲು ಬರುವವರು ಬೇಕಾದಷ್ಟು ಇದ್ದಾರೆ. ಆ ಗೋಡೆ ಬಳಿದವನನ್ನು ಯಾರೂ ಕೇಳಿದ್ದಿಲ್ಲ.

ಎಂಟರ ಅಪರ್ಚರ್ (ಬೆಂಗಳೂರು):

ಪೋಸ್ಟರಿನ ಬಗ್ಗೆ ಯಾರೂ ಹೇಳಲಿಲ್ಲ. ಗೋಡೆ ಮೇಲಿನ ಹಳೇ ಸಿನಿಮಾ ಪೋಸ್ಟರುಗಳೆಲ್ಲ ಯಾಕೆ ನೀಲಿಯಾಗುತ್ತವೆ ಗೊತ್ತಾ? ಅಚ್ಚಿನ ನಾಲ್ಕು ಇಂಕಿನಲ್ಲಿ ಹಳದಿ ಮತ್ತು ಗುಲಾಬಿಗೆಂಪು ಬಿಸಿಲಿಗೆ ಬೇಗ ಹೋಗುತ್ತವೆ. ನೀಲಿ, ಕಪ್ಪು ನಿಲ್ಲುತ್ತವೆ. ಹೀರೋ ಮುಖ ನೀಲಿ, ಅವನ ಕೆನ್ನೆ ಮೇಲೆ ನಿನ್ನೆ ಅಂಟಿಸಿದ ಟ್ಯೂಷನ್ ಜಾಹೀರಾತು ಕೆಂಪು. ಇನ್ನು ಮೈದಾ ಅಂಟಿನ ಆಸೆಗೆ ಹಸುಗಳು ಬಂದು ಕಿತ್ತು ತಿನ್ನುತ್ತವೆ, ಆ ಹರಿದ ಅಂಚನ್ನು ಯಾವ ಡಿಸೈನರೂ ಮಾಡಲಾರ. ಪ್ಯಾರಿಸ್ಸಿನಲ್ಲಿ ರೇಮಂಡ್ ಹೇನ್ಸ್, ಜಾಕ್ ವಿಲೆಗ್ಲೆ ಅನ್ನುವ ಇಬ್ಬರು 1949ರಿಂದ ಬೀದಿಯ ಹರಿದ ಪೋಸ್ಟರುಗಳನ್ನು ಗೋಡೆಯಿಂದಲೇ ಕಿತ್ತು ತಂದು, ಆಮೇಲೆ ಕಲೆ ಅಂತ ಗ್ಯಾಲರಿಯಲ್ಲಿ ಹಾಕಿದರು. ನಮಗೆ ಕೀಳುವ ಕೆಲಸ ಹಸುವೇ ಮಾಡಿಕೊಡುತ್ತದೆ.

ಸಂತೇಪೇಟೆ ಸುತ್ತಾಟ (ಮೈಸೂರು):

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮಧ್ಯಾಹ್ನವೇ ಹೋಗಿದ್ದೆ. ಶಟರಿನ ಎಡತುದಿಯಲ್ಲಿ ಎರಡು ಕೆಂಪೂ ಸಿಕ್ಕವು. ಪ್ರೈಮರಿನ ಮೇಲೆ ತುಕ್ಕಿನ ಗೆರೆ ಇಳಿದು ತಿಳಿ ನೀಲಿಯೊಳಗೆ ನುಗ್ಗಿದೆ. ಕಪ್ಪು ಬಿಳುಪು ಪರೀಕ್ಷೆಯಲ್ಲಿ ಫೇಲ್, ಎರಡೂ ಕೆಂಪು ಒಂದೇ ಬೂದಿಯಾಯಿತು. ಆದರೂ ನನಗೆ ಬಣ್ಣದ್ದೇ ಇಷ್ಟ, ಅದನ್ನೇ ಇಟ್ಟುಕೊಳ್ಳುತ್ತೇನೆ. ಎಂಟರ ಅಪರ್ಚರ್ ಸರ್, ಬೈದುಕೊಳ್ಳಿ.

ಚಿಕ್ಕಗಡಿಯಾರ ಸರ್, ನಿಮ್ಮ ಮಾತು ಮನಸ್ಸಲ್ಲಿದೆ. ಪ್ರತಿ ಗೋಡೆಯದ್ದೂ ದೂರದಿಂದ ಒಂದು ಫೋಟೋ ತೆಗೆದು ಜೊತೆಗೆ ಇಡುತ್ತೇನೆ, ರಸ್ತೆ ಹೆಸರಿನ ಸಮೇತ. ಹಾಕುವಾಗ ಎರಡನ್ನೂ ಹಾಕಬೇಕಾ ಅಂತ ಇನ್ನೂ ತೀರ್ಮಾನ ಮಾಡಿಲ್ಲ.

ಮೈಸೂರಿನಲ್ಲಿ ಯಾರ ಹತ್ತಿರವಾದರೂ 58 ಎಂಎಂ ಪೋಲರೈಸರ್ ಇದ್ದರೆ ಒಂದು ವಾರಕ್ಕೆ ಕೊಡುತ್ತೀರಾ? ಕೊಳ್ಳುವ ಮುಂಚೆ ಮಳೆಯಲ್ಲಿ ನೋಡಬೇಕಿತ್ತು.

ಚಿಕ್ಕಗಡಿಯಾರ (ಮೈಸೂರು):

ನನ್ನ ಹತ್ತಿರ ಇದೆ. ಶನಿವಾರ ಸಂಜೆ ಆರಕ್ಕೆ ಗಡಿಯಾರದ ಹತ್ತಿರ ಬನ್ನಿ. ದೂರದ ಫೋಟೋನೂ ಹಾಕಬೇಕು, ಆ ಷರತ್ತಿನ ಮೇಲೆ ಕೊಡುತ್ತೇನೆ.