ಎರಡು ಬಣ್ಣದ ರಿಸೊ ಝೀನ್: 6 ಮತ್ತು 11ನೆಯ ಪುಟ ಖಾಲಿ ಬರುತ್ತಿದೆ, ದಯವಿಟ್ಟು ಸಹಾಯ ಮಾಡಿ

ಅರ್ಧಪುಟ:
ಮೂರು ದಿನದಿಂದ ಇದರ ಹಿಂದೆಯೇ ಬಿದ್ದಿದ್ದೇನೆ, ಇನ್ನು ನನ್ನಿಂದಾಗದು. ನಮ್ಮ ಇನ್‌ಸ್ಟಲೇಶನ್ ನಾಟಕಕ್ಕೆ (ಪ್ರೇಕ್ಷಕರು ಕೋಣೆಗಳ ಒಳಗೇ ಓಡಾಡುವಂಥದ್ದು) ಬರುವವರ ಕೈಗೆ ಕೊಡಲೆಂದು ಝೀನ್, ಅಂದರೆ ನಾವೇ ಮುದ್ರಿಸಿದ ಪುಟ್ಟ ಪುಸ್ತಿಕೆ, ಮಾಡಿದ್ದೇನೆ. ಎ5 ಅಳತೆ, 16 ಪುಟ, ನಡುವೆ ಎರಡು ಪಿನ್, ಕಪ್ಪು ಮತ್ತು ಕೆಂಪು ರಿಸೊ (ಒಂದೊಂದು ಬಣ್ಣವನ್ನು ಬೇರೆ ಬೇರೆ ಸುತ್ತಿನಲ್ಲಿ ಹೊಡೆಯುವ ಮುದ್ರಣ), 150 ಪ್ರತಿ. ಮೊದಲ ನಾಲ್ಕು ಪ್ರದರ್ಶನಗಳಲ್ಲಿ ಯಾರೂ ತಕರಾರು ಎತ್ತಲಿಲ್ಲ. ಐದನೆಯದರಿಂದ ಒಂದೇ ದೂರು: 6ನೆಯ ಪುಟ ಖಾಲಿ, 11ನೆಯ ಪುಟ ಖಾಲಿ. 8ನೆಯ ಪುಟದ ಕೆಳಗಿನ ಅರ್ಧವೂ ಇಲ್ಲ ಎಂದು ಒಬ್ಬರು ಹೇಳಿದರು. ಮನೆಯಲ್ಲಿ ಉಳಿದಿರುವ ಪ್ರತಿಗಳಲ್ಲಿ ಎಲ್ಲವೂ ಸರಿಯಿದೆ. ಮುದ್ರಣದಲ್ಲಿ ಎಲ್ಲಿ ಎಡವಿದ್ದೇನೆ? ನಾಡಿದ್ದು ಮತ್ತೆ ಪ್ರದರ್ಶನವಿದೆ.

ಸೋಯಾಶಾಯಿ:
ಇದಕ್ಕೆ ಮೂರು ದಿನ ಬೇಕಿರಲಿಲ್ಲ. 16 ಪುಟದ ಪುಸ್ತಿಕೆಯಲ್ಲಿ ಹಾಳೆಯ ಒಂದು ಬದಿಗೆ ಬರುವ ಎರಡು ಪುಟಗಳನ್ನು ಕೂಡಿದರೆ ಯಾವಾಗಲೂ 17. ಆರು ಮತ್ತು ಹನ್ನೊಂದು ಎಷ್ಟು? ಅಂದರೆ ನಿಮ್ಮ ಮೂರನೆಯ ಹಾಳೆಯ ಒಂದು ಬದಿಗೆ ಶಾಯಿ ಬಿದ್ದೇ ಇಲ್ಲ. ಯಂತ್ರ ಎರಡು ಹಾಳೆಗಳನ್ನು ಅಂಟಿಸಿಕೊಂಡು ಎಳೆದಿದೆ. ಮೇಲಿನದಕ್ಕೆ ಶಾಯಿ ಹತ್ತಿದೆ, ಕೆಳಗಿನದು ಬಿಳಿಯಾಗಿಯೇ ಹೊರಬಿದ್ದಿದೆ. ಕಾಗದ ಎಳೆಯುವ ಪಿಕಪ್ ರೋಲರ್ ಒರೆಸಿ. ಕಾಗದದ ಕಟ್ಟನ್ನು ಇಸ್ಪೀಟೆಲೆಯ ಹಾಗೆ ಬೀಸಿ, ನಡುವೆ ಗಾಳಿ ಹೋಗುವಂತೆ ಮಾಡಿ, ಆಮೇಲೆ ಟ್ರೇಗೆ ಹಾಕಿ.

ಮಡಿಕೆಮಾಸ್ತರ:
ಕಾಗದ ಯಾವುದು, ತೂಕ ಎಷ್ಟು ಜಿಎಸ್‌ಎಂ, ನಾರು ಯಾವ ಕಡೆಗೆ ಓಡುತ್ತದೆ? ಇದನ್ನೆಲ್ಲ ಬರೆಯದೆ ಸಹಾಯ ಕೇಳಿದರೆ ನಾವು ಕಣಿ ಹೇಳಬೇಕಾಗುತ್ತದೆ.

ಅರ್ಧಪುಟ:
100 ಜಿಎಸ್‌ಎಂ, ಕೋಟಿಂಗ್ ಇಲ್ಲದ್ದು. ನಾರಿನ ವಿಷಯ ಗೊತ್ತಿಲ್ಲ. ಪುಟ ಖಾಲಿ ಬರುವುದಕ್ಕೂ ನಾರಿಗೂ ಏನು ಸಂಬಂಧ?

ಮಡಿಕೆಮಾಸ್ತರ:
ಸಂಬಂಧವಿದೆ ಎಂದು ನಾನು ಹೇಳಲಿಲ್ಲ, ತಿಳಿದಿರಬೇಕು ಎಂದೆ. ಸಾಮಾನ್ಯವಾಗಿ ಸಿಗುವ ಎ4 ಕಾಗದದಲ್ಲಿ ನಾರು ಉದ್ದಕ್ಕೆ ಇರುತ್ತದೆ. ಅದನ್ನು ಎ5ಗೆ ಮಡಿಸಿದರೆ ಮಡಿಕೆ ನಾರಿಗೆ ಅಡ್ಡ ಬೀಳುತ್ತದೆ. ಪುಸ್ತಿಕೆ ಬಾಯಿ ಬಿಟ್ಟುಕೊಂಡು ಕೂರುತ್ತದೆ, ಬೆನ್ನಿನ ಮೇಲೆ ಶಾಯಿ ಬಿರಿಯುತ್ತದೆ. ನಾರು ಉದ್ದಕ್ಕಿರುವ ಎ3 ತಂದು ಅರ್ಧಕ್ಕೆ ಕತ್ತರಿಸಿ, ಸಿಗುವ ಎ4ನಲ್ಲಿ ನಾರು ಅಗಲಕ್ಕೆ ಬಂದಿರುತ್ತದೆ. ಮಡಿಕೆ ಹೇಗೆ ಕೂರುತ್ತದೆ ನೋಡಿ.

ಸೂಜಿದಾರ:
ಪಿನ್ ಎಂದು ಓದಿದ ಕೂಡಲೇ ಬೇಸರವಾಯಿತು. ನಾಟಕಕ್ಕೆ ಮಾಡುವ ಝೀನಿಗೆ ಪಿನ್ ಹೊಡೆಯುತ್ತಾರೆಯೇ? ಕತ್ತಲಲ್ಲಿ ಬೆರಳಿಗೆ ಚುಚ್ಚುತ್ತದೆ, ದೀಪ ಬಿದ್ದರೆ ಮಿನುಗುತ್ತದೆ, ಹೊಗೆಯಂತ್ರವಿದ್ದರೆ ನಾಲ್ಕು ದಿನಕ್ಕೆ ತುಕ್ಕಿನ ಕಲೆ. ಮೂರು ತೂತಿನ ಹೊಲಿಗೆ ಹಾಕಿ. ನಡುವಿನ ತೂತಿನಿಂದ ಒಳಗೆ, ಮೇಲಿನದರಿಂದ ಹೊರಗೆ, ಬೆನ್ನಿನ ಮೇಲೆ ಉದ್ದಕ್ಕೆ ಇಳಿದು ಕೆಳಗಿನದರಿಂದ ಒಳಗೆ, ಮತ್ತೆ ನಡುವಿನಿಂದ ಹೊರಗೆ. ದಾರದ ಎರಡು ತುದಿಗಳು ಆ ಉದ್ದ ಎಳೆಯ ಆಚೆ ಈಚೆ ಬರುವಂತೆ ಗಂಟು ಹಾಕಿ. ಒಂದು ಪ್ರತಿಗೆ ಎರಡು ನಿಮಿಷ ಸಾಕು.

ಮಡಿಕೆಮಾಸ್ತರ:
150 ಪ್ರತಿಗೆ 300 ನಿಮಿಷ. ಪ್ರದರ್ಶನ ನಾಡಿದ್ದು. ಉದ್ದ ತೋಳಿನ ಸ್ಟೇಪ್ಲರ್ ಇದ್ದರೆ ಗಂಟೆಯೊಳಗೆ ಮುಗಿಯುತ್ತದೆ. ನನ್ನಲ್ಲಿ ಒಂದಿದೆ, ಹಳೆಯ ಕಬ್ಬಿಣದ್ದು, ಕೈಯಿಂದ ಜಾರಿ ಬಿದ್ದರೆ ನೆಲ ಒಡೆಯಬೇಕು.

ಸೂಜಿದಾರ:
ಎಲ್ಲದಕ್ಕೂ ನಿಮಿಷದ ಲೆಕ್ಕ ಹಾಕುವವರು ಝೀನ್ ಯಾಕೆ ಮಾಡಬೇಕು?

ಅರ್ಧಪುಟ:
ದಯವಿಟ್ಟು ವಿಷಯಕ್ಕೆ ಬನ್ನಿ. ಸೋಯಾಶಾಯಿ ಅವರೇ, ರೋಲರ್ ಒರೆಸಿದೆ, ಕಾಗದ ಬೀಸಿದೆ, ಮೂರನೆಯ ಹಾಳೆಯನ್ನು ಹೊಸದಾಗಿ 40 ಹೊಡೆದೆ. ಒಂದೂ ಖಾಲಿ ಬರಲಿಲ್ಲ.

ಸೋಯಾಶಾಯಿ:
ಒರೆಸಿದ ಮೇಲೆ ಬರಲಿಲ್ಲ ಎಂದರೆ ಕಾರಣ ಅದೇ ಎಂದಾಯಿತಲ್ಲ! ಹಳೆಯ ಪ್ರತಿಗಳಲ್ಲಿ ಖಾಲಿಯಿರುವುದನ್ನು ಆರಿಸಿ ಎಸೆಯಿರಿ. ನನ್ನಲ್ಲಿ ಆರು ಡ್ರಮ್‌ಗಳಿವೆ, ಬಣ್ಣಕ್ಕೊಂದು ಶಾಯಿಯ ಉರುಳೆ: ಕಪ್ಪು, ಕೆಂಪು, ನೀಲಿ, ಹಸಿರು, ಹಳದಿ, ಹೊಳೆಯುವ ಗುಲಾಬಿ. ಆರರಲ್ಲೂ ಈ ರಗಳೆ ಅನುಭವಿಸಿದ್ದೇನೆ. ಗುಲಾಬಿಯಲ್ಲಂತೂ ಒಮ್ಮೆ ಸತತವಾಗಿ ಹನ್ನೊಂದು ಹಾಳೆ ಖಾಲಿ ಬಂದವು.

ಮೂರನೆಯಬೆಲ್:
ಒಂದು ಪ್ರಶ್ನೆ. ಖಾಲಿ ಪುಟದಲ್ಲಿ ಪುಟಸಂಖ್ಯೆಯಾದರೂ ಕಾಣುತ್ತದೆಯೇ? ಇಲ್ಲದಿದ್ದರೆ ಅದು 6ನೆಯ ಪುಟ ಎಂದು ದೂರು ಕೊಟ್ಟವರಿಗೆ ಹೇಗೆ ತಿಳಿಯಿತು?

ಅರ್ಧಪುಟ:
ಕಾಣುತ್ತದೆಯಂತೆ. ಸಂಖ್ಯೆ ಕಪ್ಪಿನಲ್ಲಿದೆ. ಬರಹ ಕೆಂಪಿನಲ್ಲಿದೆ. ಝೀನಿನಲ್ಲಿ ತಾಯಿ ಬರೆದ ಪತ್ರಗಳೆಲ್ಲ ಕಪ್ಪು, ಮಗಳ ಉತ್ತರ ಕೆಂಪು. ಮಗಳು ಇಡೀ ಝೀನಿನಲ್ಲಿ ಮಾತಾಡುವುದು 6, 8, 11ರಲ್ಲಿ ಮಾತ್ರ.

ಸೋಯಾಶಾಯಿ:
ಹಾಗಾದರೆ ಕೆಂಪು ಸುತ್ತಿನಲ್ಲಿ ಎರಡು ಹಾಳೆ ಎಳೆದಿದೆ. ಕಪ್ಪು ಸುತ್ತಿನಲ್ಲಿ ಸರಿಯಾಗಿ ಹೋಗಿದೆ. ಕಪ್ಪು ಹೊಡೆದ ಕೂಡಲೇ ಕೆಂಪಿಗೆ ಹಾಕಿದಿರಾ? ರಿಸೊ ಶಾಯಿ ಕಾಗದಕ್ಕೆ ಇಳಿಯುತ್ತದೆಯೇ ಹೊರತು ಟೋನರ್‌ನಂತೆ ಬಿಸಿಗೆ ಕೂರುವುದಿಲ್ಲ. ಹಸಿ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಂದು ರಾತ್ರಿ ಬಿಡಬೇಕಿತ್ತು.

ಮೂರನೆಯಬೆಲ್:
ಎರಡು ಹಾಳೆ ಎಳೆಯುವುದು ಅಲ್ಲೊಮ್ಮೆ ಇಲ್ಲೊಮ್ಮೆ ಆಗುವ ಕೆಲಸ. ಎಷ್ಟು ಜನ ದೂರು ಕೊಟ್ಟರು?

ಅರ್ಧಪುಟ:
ನಿನ್ನೆ ಬಂದವರು 20 ಜನ. ಅವರಲ್ಲಿ 17 ಮಂದಿ ಖಾಲಿ ಎಂದರು. ಉಳಿದ ಮೂವರು ಝೀನ್ ತೆರೆದೇ ಇರಲಿಲ್ಲ.

ಮೂರನೆಯಬೆಲ್:
ಇದನ್ನು ಮೊದಲೇ ಹೇಳಬಾರದಿತ್ತೇ? ಸರಿ, ಆ 17 ಪ್ರತಿಗಳಲ್ಲಿ ಒಂದನ್ನು ಚಿತ್ರ ತೆಗೆದು ಹಾಕಿ.

ಅರ್ಧಪುಟ:
ಸಮಸ್ಯೆಯೇ ಅದು. ಹೊರಗೆ ಬಂದವರ ಕೈಯಿಂದ ಪ್ರತಿ ಇಸಿದುಕೊಂಡು ನಾನೇ ಬಿಡಿಸಿ ನೋಡಿದ್ದೇನೆ. ಎಲ್ಲ ಅಕ್ಷರಗಳೂ ಇವೆ! ಅವರೂ ನೋಡಿ “ಅರೆ” ಎಂದರು. ನನ್ನನ್ನು ಆಟವಾಡಿಸುತ್ತಿದ್ದಾರೆ ಎಂದುಕೊಂಡೆ. ಆದರೆ 17 ಜನ ಮಾತಾಡಿಕೊಂಡು ಬರಲು ಸಾಧ್ಯವೇ? 11ನೆಯ ಪುಟದ ಕೊನೆಯ ಸಾಲನ್ನು ಪ್ರೇಕ್ಷಕರು ಗಟ್ಟಿಯಾಗಿ ಓದಬೇಕು, ಅದನ್ನು ಕೇಳಿ ನಟಿ ಬಾಗಿಲು ತೆರೆಯಬೇಕು. ನಿನ್ನೆ ಒಬ್ಬರು ಝೀನನ್ನು ಮೂಗಿನ ಹತ್ತಿರ ಹಿಡಿದುಕೊಂಡು ಸುಮ್ಮನೆ ನಿಂತರು. ಬಾಗಿಲ ಹಿಂದೆ ಅವಳು ಆರು ನಿಮಿಷ ಕಾದಳು. ಕೊನೆಗೆ ಸೀನು ಬಂದು, ಆ ಸೀನಿನ ಸದ್ದನ್ನೇ ಸೂಚನೆ ಎಂದುಕೊಂಡು ಅವರು ತಾವೇ ಬಾಗಿಲು ತಳ್ಳಿದರು.

ದೀಪಕಂಬ:
ಈಗಷ್ಟೇ ಓದಿದೆ. ನೀವು ಯಾರೂ ಕೇಳದ್ದನ್ನು ಕೇಳುತ್ತೇನೆ: ಆ ಪುಟಗಳನ್ನು ಅವರು ಓದುವುದು ಎಲ್ಲಿ? ಅಲ್ಲಿ ಯಾವ ದೀಪವಿದೆ?

ಅರ್ಧಪುಟ:
ಎರಡನೆಯ ಕೋಣೆಯಲ್ಲಿ. ಅದು ಕೆಂಪು ಕೋಣೆ. ಆದರೆ ಬೆಳಕು ಕಡಿಮೆಯೇನೂ ಇಲ್ಲ, ತಾಯಿಯ ಪತ್ರಗಳನ್ನೆಲ್ಲ ಸಲೀಸಾಗಿ ಓದುತ್ತಾರೆ.

ದೀಪಕಂಬ:
ಕೆಂಪು ಕೋಣೆ. ಕೆಂಪು ಶಾಯಿ. ಇದನ್ನು ಹೇಳದೆ ಮೂರು ದಿನ ರೋಲರ್ ಒರೆಸಿದ್ದೀರಿ.

ಬಿಳಿ ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹಿಂದಕ್ಕೆ ಕಳಿಸುತ್ತದೆ. ಕೆಂಪು ಶಾಯಿ ನೀಲಿ, ಹಸಿರನ್ನು ನುಂಗಿ ಕೆಂಪನ್ನು ಮಾತ್ರ ಕಳಿಸುತ್ತದೆ. ಕೋಣೆಯಲ್ಲಿರುವುದೇ ಕೆಂಪು ಬೆಳಕಾದರೆ ಕಾಗದವೂ ಅಷ್ಟೇ ಕೆಂಪು, ಅಕ್ಷರವೂ ಅಷ್ಟೇ ಕೆಂಪು. ಕಣ್ಣಿಗೆ ಏನು ವ್ಯತ್ಯಾಸ ಸಿಗಬೇಕು? ಕಪ್ಪು ಎಲ್ಲವನ್ನೂ ನುಂಗುವುದರಿಂದ ತಾಯಿ ಉಳಿದುಕೊಂಡಿದ್ದಾಳೆ.

ಐದನೆಯ ಪ್ರದರ್ಶನಕ್ಕೆ ಮುಂಚೆ ದೀಪ ಬದಲಾಯಿಸಿದ್ದಾರೆಯೇ, ವಿಚಾರಿಸಿ.

ಸೋಯಾಶಾಯಿ:
ಕೆಂಪು ಬೆಳಕಿನಲ್ಲಿ ಕೆಂಪು ಮಸುಕಾಗಬಹುದು, ಪೂರ್ತಿ ಮಾಯವಾಗುವುದಿಲ್ಲ. ಮೊದಲ ನಾಲ್ಕು ಪ್ರದರ್ಶನಗಳಲ್ಲೂ ಕೆಂಪು ಕೋಣೆಯೇ ಇತ್ತಲ್ಲ? ನನ್ನ ಪ್ರಕಾರ ಎರಡೂ ಸಮಸ್ಯೆ ಸೇರಿಕೊಂಡಿವೆ.

ದೀಪಕಂಬ:
ವಾದ ಬೇಡ, ಕೈಯಲ್ಲೇ ಇದೆ. ಮೊಬೈಲ್ ಪರದೆಯ ತುಂಬ ಅಚ್ಚ ಕೆಂಪು ಚಿತ್ರ ತೆರೆಯಿರಿ, ಹೊಳಪು ಪೂರ್ತಿ ಏರಿಸಿ, ಕೋಣೆಯ ದೀಪ ಆರಿಸಿ, 6ನೆಯ ಪುಟದ ಮೇಲೆ ಹಿಡಿಯಿರಿ.

ಅರ್ಧಪುಟ:
ಮಾಡಿದೆ.

ಅಕ್ಷರಗಳು ಹೋದವು. ಮಾಸಲಿಲ್ಲ, ಹೋದವು. ಪುಟದ ಕೆಳಗೆ ಒಂದು ಕರಿ 6 ಮಾತ್ರ ಕೂತಿದೆ. ಹೊಸ ಹಾಳೆ ಹೊಡೆಯುವಾಗ ಹೆಬ್ಬೆರಳಿಗೆ ಕೆಂಪು ಶಾಯಿ ಮೆತ್ತಿಕೊಂಡಿತ್ತು, ಅದೂ ಕಾಣಲಿಲ್ಲ, ಬೆರಳು ತೊಳೆದಂತಿತ್ತು. ಮೊಬೈಲ್ ಬದಿಗಿಟ್ಟು ದೀಪ ಹಾಕಿದರೆ ಕಲೆ ಅಲ್ಲೇ ಇದೆ.

ಬೆಳಕು ನೋಡಿಕೊಳ್ಳುವವರಿಗೆ ಫೋನ್ ಮಾಡಿ ಕೇಳಿದೆ. ಮೊದಲು ಹಳೆಯ ಲ್ಯಾಂಪಿಗೆ ತೆಳು ಕೆಂಪು ಜೆಲ್, ಅಂದರೆ ಬಣ್ಣದ ಪಾರದರ್ಶಕ ಹಾಳೆ, ಕಟ್ಟಿದ್ದರಂತೆ. ನಾಲ್ಕನೆಯ ದಿನ ಲ್ಯಾಂಪ್ ಸುಟ್ಟುಹೋಗಿ ಎಲ್‌ಇಡಿ ತಂದು ಹಾಕಿದ್ದಾರೆ. “ಈಗ ಕೆಂಪು ಎಷ್ಟು ಚೆನ್ನಾಗಿ ಬಂದಿದೆ ನೋಡಿದಿರಾ” ಎಂದು ನನ್ನನ್ನೇ ಕೇಳಿದರು.

ದೀಪಕಂಬ:
ಅಲ್ಲಿಗೆ ಆಯಿತು. ಲ್ಯಾಂಪಿನ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇರುತ್ತವೆ. ತೆಳು ಜೆಲ್ ಅವನ್ನು ಪೂರ್ತಿ ತಡೆಯುವುದಿಲ್ಲ, ಚೌಕಟ್ಟಿನ ಅಂಚಿನಿಂದಲೂ ಬಿಳಿ ಬೆಳಕು ಸೋರುತ್ತದೆ. ಆ ಸೋರಿಕೆಯಲ್ಲಿ ನಿಮ್ಮ ಮಗಳು ನಾಲ್ಕು ದಿನ ಬದುಕಿದ್ದಳು. ಎಲ್‌ಇಡಿಯ ಕೆಂಪು ಚಾನೆಲ್ ಒಂದನ್ನೇ ಉರಿಸಿದರೆ ಬರುವುದು 620–630 ನ್ಯಾನೋಮೀಟರಿನ ಆಸುಪಾಸಿನ ಕಿರಿದಾದ ಪಟ್ಟಿ ಮಾತ್ರ. ಸೋರಲು ಬೇರೇನೂ ಇಲ್ಲ.

ಎರಡು ದಾರಿಗಳಿವೆ. ನೀಲಿ ಚಾನೆಲ್ ಸ್ವಲ್ಪ ಏರಿಸಿದರೆ ಅಕ್ಷರ ಮೇಲೇಳುತ್ತದೆ, ಆದರೆ ಕೋಣೆ ಗುಲಾಬಿಗೆ ತಿರುಗುತ್ತದೆ. ಇಲ್ಲವೇ ಮಗಳ ಪುಟಗಳನ್ನು ನೀಲಿ ಶಾಯಿಯಲ್ಲಿ ಹೊಡೆಯಿರಿ. ನೀಲಿ ಶಾಯಿ ಕೆಂಪನ್ನು ನುಂಗುತ್ತದೆ, ಹಾಗಾಗಿ ಆ ಕೋಣೆಯಲ್ಲಿ ಕಪ್ಪಾಗಿಯೇ ಕಾಣುತ್ತದೆ.

ಸೂಜಿದಾರ:
ಎಲ್ಲವನ್ನೂ ಮತ್ತೆ ಹೊಡೆಯಬೇಕಿಲ್ಲ. 6 ಮತ್ತು 11 ಮೂರನೆಯ ಹಾಳೆ, 8 ನಾಲ್ಕನೆಯದು. ಎರಡೂ ಒಳಗಿನ ಹಾಳೆಗಳು. ಬಿಡಿಸಿ ಅವೆರಡನ್ನು ಬದಲಾಯಿಸಿದರೆ ಸಾಕು. ಹೊಲಿಗೆಯಾಗಿದ್ದರೆ ಗಂಟು ಬಿಚ್ಚಿ ಅದೇ ತೂತಿನಲ್ಲಿ ಮತ್ತೆ ಹೊಲಿಯಬಹುದಿತ್ತು. ಪಿನ್ ಕಿತ್ತರೆ ಬೆನ್ನು ಹರಿಯುತ್ತದೆ. ಹೇಳಿದ್ದೆ.

ಮಡಿಕೆಮಾಸ್ತರ:
ಪಿನ್ನಿನ ಕಾಲುಗಳನ್ನು ಚೂಪಿಲ್ಲದ ಚಾಕುವಿನಿಂದ ನೆಟ್ಟಗೆ ಎಬ್ಬಿಸಿ ಹೊರಗಿನಿಂದ ಎಳೆದರೆ ಏನೂ ಹರಿಯುವುದಿಲ್ಲ. ನಾರು ಮಡಿಕೆಯ ಜೊತೆಗೆ ಓಡುತ್ತಿದ್ದರೆ ಇನ್ನೂ ಒಳ್ಳೆಯದು.

ಸೋಯಾಶಾಯಿ:
ಎರಡು ಹಾಳೆ, ನಾಲ್ಕು ಬದಿ. ಕಪ್ಪಿಗೆ ನಾಲ್ಕು ಮಾಸ್ಟರ್ (ಡ್ರಮ್ಮಿಗೆ ಸುತ್ತುವ ಅಚ್ಚುಹಾಳೆ), ನೀಲಿಗೆ ಎರಡು, ಒಟ್ಟು ಆರು. ನಿಮ್ಮಲ್ಲಿ ನೀಲಿ ಡ್ರಮ್ ಇದೆಯೇ? ನನ್ನ ನೀಲಿ ಸ್ವಲ್ಪ ನೇರಳೆಗೆ ವಾಲುತ್ತದೆ, ಅದರ ಸೊಗಸೇ ಬೇರೆ.

ಅರ್ಧಪುಟ:
ನಮ್ಮಲ್ಲಿರುವುದು ಎರಡೇ ಡ್ರಮ್. ಅಲ್ಲದೆ ಮಗಳು ಕೆಂಪಾಗಿಯೇ ಇರಬೇಕು. ಅವಳನ್ನು ನೀಲಿ ಮಾಡಿದರೆ ಕೋಣೆಯಲ್ಲಿ ತಾಯಿಯೂ ಕಪ್ಪು, ಮಗಳೂ ಕಪ್ಪು. ಯಾರು ಮಾತಾಡುತ್ತಿದ್ದಾರೆಂದು ತಿಳಿಯುವುದು ಹೇಗೆ?

ಮೂರನೆಯಬೆಲ್:
ಹಾಗೆಯೇ ಬಿಟ್ಟುಬಿಡಿ ಎಂದರೆ? ಒಳಗೆ ತಾಯಿಯ ಮಾತು ಮಾತ್ರ ಕೇಳುತ್ತದೆ. ಝೀನನ್ನು ಹೊರಗೆ ಒಯ್ದ ಮೇಲೆ ಮಗಳು ಮಾತಾಡುತ್ತಾಳೆ. ದುಡಿದು ಮಾಡಿದರೂ ಇಂಥದ್ದು ಸಿಗುವುದಿಲ್ಲ.

ಅರ್ಧಪುಟ:
ನಿರ್ದೇಶಕರೂ ಈಗ ಇದನ್ನೇ ಹೇಳುತ್ತಿದ್ದಾರೆ, ಮೊದಲಿನಿಂದಲೂ ತಮ್ಮ ಮನಸ್ಸಿನಲ್ಲಿತ್ತು ಎಂಬಂತೆ. 17 ಜನರ ಮುಂದೆ ಮುಖ ಕೆಡಿಸಿಕೊಂಡವಳು ನಾನು. ಮತ್ತೆ, ಬಾಗಿಲ ಹಿಂದೆ ಕಾಯುವವಳ ಗತಿ?

ಮೂರನೆಯಬೆಲ್:
ಆ ಒಂದು ಸಾಲನ್ನು ಮಾತ್ರ ಕಪ್ಪಿನಲ್ಲಿ ಕೊಡಿ.

ಅರ್ಧಪುಟ (ಎರಡು ದಿನದ ನಂತರ):
ಮುದ್ರಿಸಲು ಸಮಯವಿರಲಿಲ್ಲ. ಇವತ್ತಿನ 20 ಪ್ರತಿಗಳಲ್ಲಿ 11ನೆಯ ಪುಟದ ಕೊನೆಯ ಸಾಲನ್ನು, ಕೆಂಪು ಅಕ್ಷರಗಳ ಮೇಲೆಯೇ, ಕರಿ ಪೆನ್ನಿನಿಂದ ತಿದ್ದಿದೆ: “ನಾನು ಒಳಗಿಲ್ಲ, ತೆಗೆದು ನೋಡು.” ಹತ್ತನೆಯ ಪ್ರತಿಯ ಹೊತ್ತಿಗೆ ಕೈ ಸೋತು ಅಕ್ಷರ ಸೊಟ್ಟಗಾಯಿತು. ಎಲ್ಲರೂ ಓದಿದರು, ಬಾಗಿಲು ತೆರೆಯಿತು. 6 ಮತ್ತು 8 ಹಾಗೆಯೇ ಇವೆ. ಇಬ್ಬರು ಖಾಲಿ ಎಂದು ದೂರಿದರು, ಒಬ್ಬರು ಹೊರಗಿನ ಮೆಟ್ಟಿಲ ಮೇಲೆ ಕೂತು 6ನೆಯ ಪುಟವನ್ನು ಎರಡು ಸಲ ಓದಿದರು. ನೀಲಿಗೆ ಹೋಗಬೇಕೋ ಬೇಡವೋ ಇನ್ನೂ ಜಗಳವಾಡುತ್ತಿದ್ದೇವೆ. ದೀಪಕಂಬ ಅವರಿಗೆ ಧನ್ಯವಾದ.

ಸೋಯಾಶಾಯಿ:
ರಿಸೊ ಶಾಯಿಯ ಮೇಲೆ ಪೆನ್ ಆಡಿಸಿದರೆ ಮೊನೆ ಕಟ್ಟಿಕೊಳ್ಳುತ್ತದೆ, ಒರೆಸುತ್ತಾ ಬರೆಯಿರಿ. ಹಾಗೆಯೇ ಮುಂದಿನ ಸಲ ಕಪ್ಪು ಹೊಡೆದು ಒಂದು ರಾತ್ರಿ ಬಿಡಿ. ಎರಡು ಹಾಳೆ ಎಳೆದಿಲ್ಲ ಎಂದು ಇನ್ನೂ ಸಾಬೀತಾಗಿಲ್ಲ.

ಸೂಜಿದಾರ:
ಮಾಸ್ತರರೇ, ಆ ಕಬ್ಬಿಣದ ಸ್ಟೇಪ್ಲರ್ ಎಷ್ಟು ಹಾಳೆಯವರೆಗೆ ಕಚ್ಚುತ್ತದೆ? ಸುಮ್ಮನೆ ಕೇಳಿದೆ.

ಹೊಸಹಾಳೆ:
ನಮಸ್ಕಾರ, ನನಗೂ ಇದೇ ಸಮಸ್ಯೆ. ಪುಟ ಖಾಲಿ ಬರುತ್ತಿದೆ. ಏನು ಮಾಡಬೇಕು? ತುರ್ತು.