ಬಲಗಡೆಯ ಹ್ಯಾಂಡಲ್ ಟೇಪ್ ಮಾತ್ರ ಜಾರುತ್ತಿದೆ, ಮೂರು ಸಲ ಸುತ್ತಿ ಸಾಕಾಗಿದೆ

ನಂದಿ_ತಪ್ಪಲು (ಚಿಕ್ಕಬಳ್ಳಾಪುರ), ಭಾನುವಾರ ಬೆಳಿಗ್ಗೆ 10:50

ಈಗಷ್ಟೇ ಬಾಗಿದ ಹ್ಯಾಂಡಲಿನ ರೋಡ್ ಸೈಕಲ್ಲಿನಲ್ಲಿ ನಂದಿಬೆಟ್ಟ ಇಳಿದು ಮನೆಗೆ ಬಂದಿದ್ದೇನೆ. ಇಳಿಯುವಾಗ ಒಂದು ತಿರುವಿನಲ್ಲಿ ಬಲಗೈ ಕೆಳಗಿನ ಟೇಪ್ ಬೆರಳಗಲ ಸರಿಯಿತು. ಹಿಡಿತ ತಪ್ಪಲಿಲ್ಲ, ಆದರೆ ಎದೆ ಝಲ್ಲೆಂದಿತು. ಎರಡು ತಿಂಗಳಲ್ಲಿ ಇದು ಮೂರನೇ ಟೇಪ್. ಮೊದಲನೆಯದು ಕಾರ್ಕ್ ಮಿಶ್ರಣದ್ದು, ಎರಡನೆಯದು ಅಂಟಿಲ್ಲದ ಸಿಲಿಕೋನ್ ಬೆನ್ನಿನದು, ಈಗಿರುವುದು 2.5 ಮಿ.ಮೀ. ದಪ್ಪದ ಪಾಲಿಯುರೆಥೇನ್. ಮೂರೂ ಬಲಗಡೆಯೇ ಜಾರಿವೆ. ಎಡಗಡೆ ಕಲ್ಲಿನಂತೆ ಕೂತಿದೆ.

ಮೊದಲು ಬ್ರೇಕ್ ಲಿವರ್ ಹಿಂದಿನ ಬಾಗಿನಲ್ಲಿ ಸಂದು ಬಿಡುತ್ತದೆ. ಆಮೇಲೆ ಮೇಲಿನ ಸುತ್ತುಗಳು ಒಂದರೊಳಗೊಂದು ನುಗ್ಗಿ ಸ್ಟೆಮ್ (ಹ್ಯಾಂಡಲನ್ನು ನಡುವೆ ಹಿಡಿದಿರುವ ತುಂಡು) ಕಡೆಗೆ ಸುಕ್ಕುಗಟ್ಟುತ್ತವೆ. ಕೊನೆಗೆ ಹಾಕಿದ ಇನ್ಸುಲೇಷನ್ ಟೇಪ್ ಬಿಸಿಲಿಗೆ ಬಿಚ್ಚಿಕೊಂಡು ಕಪ್ಪು ಅಂಟು ಕೈಗೆಲ್ಲ ಮೆತ್ತುತ್ತದೆ. ಸುತ್ತುವ ಕ್ರಮವೆಲ್ಲ ಸರಿಯಾಗಿಯೇ ಇದೆ. ಯಾವ ಟೇಪ್ ಕೊಂಡರೆ ನಿಲ್ಲುತ್ತದೆ, ಅಷ್ಟು ಹೇಳಿ. ಬೆಲೆ ಹೆಚ್ಚಾದರೂ ಕೊಡುತ್ತೇನೆ.

ಅಂತರಗಂಗೆ_23 (ಕೋಲಾರ), ಭಾನುವಾರ 11:15

ಟೇಪಿನದಲ್ಲ, ದಿಕ್ಕಿನ ತಪ್ಪು. ಸೀಟಿನ ಮೇಲೆ ಕುಳಿತು ನೋಡಿದಾಗ ಬಲಗಡೆಯ ತುದಿಯಿಂದ ಪ್ರದಕ್ಷಿಣೆಯಾಗಿ, ಎಡಗಡೆಯಲ್ಲಿ ಅಪ್ರದಕ್ಷಿಣೆಯಾಗಿ ಸುತ್ತಬೇಕು. ಕೆಳಗಿನ ಬಾಗನ್ನು ಹಿಡಿದಾಗ ನಮ್ಮ ಕೈ ಹೊರಮುಖವಾಗಿ ತಿರುಚುತ್ತದೆ. ಟೇಪ್ ಅದೇ ದಿಕ್ಕಿನಲ್ಲಿದ್ದರೆ ಪ್ರತಿ ಹಿಡಿತಕ್ಕೂ ಬಿಗಿಯಾಗುತ್ತದೆ, ವಿರುದ್ಧವಾಗಿದ್ದರೆ ಬಿಚ್ಚುತ್ತದೆ. ಎರಡೂ ಕಡೆ ಒಂದೇ ದಿಕ್ಕಿನಲ್ಲಿ ಸುತ್ತಿರುತ್ತೀರಿ. ಹೊಸಬರು ಮಾಡುವ ತಪ್ಪು ಇದು.

ನಂದಿ_ತಪ್ಪಲು, ಭಾನುವಾರ 11:32

ಅಣ್ಣಾ, ನಾನು ಹೊಸಬನಲ್ಲ, ಆರು ವರ್ಷದಿಂದ ಸವಾರಿ ಮಾಡುತ್ತಿದ್ದೇನೆ. ಬಲಗಡೆ ಪ್ರದಕ್ಷಿಣೆಯಾಗಿಯೇ ಸುತ್ತಿದ್ದೇನೆ. ನೀವು ಹೇಳಿದಂತೆ ಎರಡೂ ಕಡೆ ಪ್ರದಕ್ಷಿಣೆಯಾಗಿದ್ದರೆ ಎಡಗಡೆಯದು ಬಿಚ್ಚಬೇಕಿತ್ತಲ್ಲವೇ? ನನಗೆ ಬಿಚ್ಚುತ್ತಿರುವುದು ಬಲಗಡೆ.

ದುರ್ಗದ_ಏರು (ತುಮಕೂರು), ಭಾನುವಾರ 12:20

ಅಂತರಗಂಗೆಯವರು ಅರ್ಧವನ್ನಷ್ಟೇ ಹೇಳಿದ್ದಾರೆ. ಕೆಳಗೆ ಹೊರಮುಖವಾಗಿ ಸುತ್ತುತ್ತ ಹೋದರೆ ಲಿವರ್ ದಾಟಿ ಮೇಲಿನ ನೇರ ಭಾಗಕ್ಕೆ ಬರುವಷ್ಟರಲ್ಲಿ ಟೇಪ್ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹೋಗುತ್ತಿರುತ್ತದೆ. ಏರಿನಲ್ಲಿ ನಾವು ಮೇಲಿನ ಭಾಗವನ್ನು ನಮ್ಮ ಕಡೆಗೆ ಎಳೆಯುತ್ತೇವೆ. ಅಲ್ಲಿ ಸುತ್ತು ಸಡಿಲವಾಗುವುದು ಸಹಜ. ಅದಕ್ಕೇ ಲಿವರ್ ಬಳಿ ಇಂಗ್ಲಿಷ್ ಎಂಟರ ಆಕಾರದಲ್ಲಿ ಒಂದು ಸುತ್ತು ಹಾಕಿ ದಿಕ್ಕು ಬದಲಿಸಬೇಕು. ಆಗ ಕೆಳಗೆ ಹೊರಮುಖ, ಮೇಲೆ ನಮ್ಮ ಕಡೆಗೆ, ಎರಡೂ ಕೂಡಿಬರುತ್ತವೆ.

ಇನ್ನೊಂದು, ಟೇಪನ್ನು ಎಳೆದು ಹಿಡಿದೇ ಸುತ್ತಬೇಕು. ಬಾಗಿನ ಹೊರಭಾಗದಲ್ಲಿ ಅರ್ಧದಷ್ಟು, ನೇರ ಭಾಗದಲ್ಲಿ ಮೂರನೇ ಒಂದರಷ್ಟು ಒಂದರ ಮೇಲೊಂದು ಕೂರಬೇಕು. ಒಂದು ಸುರುಳಿ ಸಾಮಾನ್ಯವಾಗಿ 2 ಮೀಟರ್ ಆಸುಪಾಸು ಇರುತ್ತದೆ. 44 ಸೆಂ.ಮೀ. ಅಗಲದ ಹ್ಯಾಂಡಲಿಗೆ ಪೂರ್ತಿ ಅರ್ಧರ್ಧ ಕೂರಿಸುತ್ತ ಹೋದರೆ ಸ್ಟೆಮ್ ಮುಟ್ಟುವ ಮೊದಲೇ ಮುಗಿದುಹೋಗುತ್ತದೆ. ಕೊನೆಗೆ ಉಳಿದದ್ದನ್ನು ಎಳೆದಾಡಿ ಮುಗಿಸಿದ್ದೀರಾ?

ನಂದಿ_ತಪ್ಪಲು, ಭಾನುವಾರ 12:41

ಅಕ್ಕ, ಎಂಟರ ಸುತ್ತು ಎರಡೂ ಕಡೆ ಹಾಕಿದ್ದೇನೆ. ನನ್ನದು 42, ಟೇಪ್ ಒಂದು ಗೇಣು ಉಳಿದಿತ್ತು. ದಯವಿಟ್ಟು ನೋಡಿ, ಎರಡೂ ಕಡೆ ಒಂದೇ ಕೈ, ಒಂದೇ ಟೇಪ್, ಒಂದೇ ಕ್ರಮ. ಬಲಗಡೆ ಮಾತ್ರ ಏಕೆ?

ಅಂತರಗಂಗೆ_23, ಭಾನುವಾರ 13:05

ಎಂಟರ ಸುತ್ತಿನಿಂದಲೇ ತೊಂದರೆ ಶುರುವಾಗಿದೆ. ಲಿವರ್ ಹಿಂದೆ ಟೇಪ್ ಎರಡು ಪದರವಾಗಿ ದಪ್ಪವಾಗುತ್ತದೆ, ಹುಡ್ (ಲಿವರಿನ ಬುಡದ ರಬ್ಬರ್ ಹೊದಿಕೆ) ಪೂರ್ತಿ ಕೆಳಗೆ ಕೂರುವುದಿಲ್ಲ. ಲಿವರ್ ಪಟ್ಟಿಯ ಮೇಲೆ ಮೊದಲೇ ಒಂದು ಚಿಕ್ಕ ತುಂಡು ಅಂಟಿಸಿ, ದಿಕ್ಕು ಬದಲಿಸದೆ ನೇರವಾಗಿ ಸುತ್ತಿಕೊಂಡು ಹೋಗಿ. ನಾನು ಮೂರು ಬೈಕಿಗೆ ಹಾಗೆಯೇ ಮಾಡಿದ್ದೇನೆ, ಒಂದೂ ಜಾರಿಲ್ಲ.

ದುರ್ಗದ_ಏರು, ಭಾನುವಾರ 13:30

ನೀವು ಹೆಚ್ಚಾಗಿ ಹುಡ್ ಹಿಡಿದು ಓಡಿಸುವವರಿರಬೇಕು, ಅದಕ್ಕೇ ಜಾರಿಲ್ಲ. ದೇವರಾಯನದುರ್ಗದ ಏರಿನಲ್ಲಿ ಮೇಲಿನ ಭಾಗ ಹಿಡಿದು ಹತ್ತು ಸಲ ಹತ್ತಿ ನೋಡಿ, ಆಮೇಲೆ ಮಾತನಾಡೋಣ.

ಅಂತರಗಂಗೆ_23, ಭಾನುವಾರ 13:38

ಕೋಲಾರದಲ್ಲಿಯೂ ಬೆಟ್ಟಗಳಿವೆ ಅಕ್ಕ.

ಗೌರಿಬಿದನೂರು_ರಸ್ತೆ, ಭಾನುವಾರ 16:10

ಟೇಪ್ ಆಯ್ಕೆಯ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ನಮ್ಮ ಕಡೆಯ ರಸ್ತೆಗೆ ಲಿಝರ್ಡ್ ಸ್ಕಿನ್ಸ್‌ನ ಡಿಎಸ್‌ಪಿ 3.2 ಮಿ.ಮೀ. ಬಿಟ್ಟರೆ ಬೇರೆ ಬೇಡ. ಬೆವರಿನ ಕೈಗೂ ಹಿಡಿತ ಕೊಡುತ್ತದೆ, ತೊಳೆಯಬಹುದು. ನಾನು ಇದನ್ನು ಕಾರ್ಬನ್ ಹ್ಯಾಂಡಲ್ ಮೇಲೆ ಹಾಕಿದ್ದೇನೆ, 28 ಮಿ.ಮೀ. ಟ್ಯೂಬ್‌ಲೆಸ್ ಟೈರ್ ಜೊತೆ. ಕಲ್ಲು ಲಾರಿಗಳು ಓಡಾಡಿ ಕಿತ್ತುಹೋದ ರಸ್ತೆಯಲ್ಲಿಯೂ ಅಂಗೈ ಜೋಮು ಹಿಡಿಯುವುದಿಲ್ಲ. ಚಕ್ರಗಳನ್ನೂ ಹೋದ ತಿಂಗಳು ಬದಲಿಸಿದೆ, 45 ಮಿ.ಮೀ. ಆಳದ ರಿಮ್. ಎದುರುಗಾಳಿಯಲ್ಲಿ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಚಿತ್ರ ಹಾಕಿದ್ದೇನೆ.

ಗೂಡು_ಮಾರುಕಟ್ಟೆ (ಶಿಡ್ಲಘಟ್ಟ), ಭಾನುವಾರ 20:45

ನನ್ನದು ಹಳೆಯ ಉಕ್ಕಿನ ಬೈಕು. ಅದಕ್ಕೆ ಹತ್ತಿಬಟ್ಟೆಯ ಟೇಪ್ ಸುತ್ತಿ, ಮೇಲೆ ಅರಗಿನ ವಾರ್ನಿಷ್ ಎರಡು ಸಲ ಬಳಿದಿದ್ದೇನೆ. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಅರಗೇ. ತುದಿಗೆ ಇನ್ಸುಲೇಷನ್ ಟೇಪ್ ಹಾಕುವುದಿಲ್ಲ, ರೇಷ್ಮೆ ಹುರಿಯನ್ನು ಇಪ್ಪತ್ತು ಸುತ್ತು ಒತ್ತಾಗಿ ಸುತ್ತಿ, ಹುರಿಯ ಕೊನೆಯನ್ನು ಸುತ್ತುಗಳ ಅಡಿಯಲ್ಲಿಯೇ ಎಳೆದು ಬಿಗಿಯುತ್ತೇನೆ. ನಮ್ಮ ಊರಿನಲ್ಲಿ ಹುರಿಗೇನು ಕೊರತೆ! ಬಿಸಿಲಿಗೆ ಅಂಟು ಕರಗುವ ಮಾತೇ ಇಲ್ಲ. ಬೇಕಾದವರಿಗೆ ಹೇಗೆಂದು ಬೇರೆ ಬರೆಯುತ್ತೇನೆ.

ಈಗ ನಂದಿ_ತಪ್ಪಲು ಅವರಿಗೆ. ದಿಕ್ಕು, ಎಳೆತ, ಎಂಟರ ಸುತ್ತು, ಇವು ತಪ್ಪಿದ್ದರೆ ಎರಡೂ ಕಡೆ ತಪ್ಪಿರುತ್ತಿದ್ದವು. ಮೂರು ಬಗೆಯ ಟೇಪ್ ಒಂದೇ ಜಾಗದಲ್ಲಿ ಜಾರಿದರೆ ಟೇಪನ್ನು ಬಿಟ್ಟು ಅದರ ಕೆಳಗೇನಿದೆ ಎಂದು ನೋಡಬೇಕು. ಸುತ್ತುವ ಮೊದಲು ಹ್ಯಾಂಡಲನ್ನು ಏನಿನಿಂದ ಒರೆಸಿದಿರಿ?

ನಂದಿ_ತಪ್ಪಲು, ಭಾನುವಾರ 21:02

ಎಲ್ಲರೂ ಒರೆಸುವಂತೆ ಡೀಸೆಲ್‌ನಿಂದ, ಸರ್. ಹೊಲದ ಟಿಲ್ಲರಿಗೆ ತಂದದ್ದು ಮನೆಯಲ್ಲಿಯೇ ಇರುತ್ತದೆ, ಚೈನ್ ತೊಳೆಯುವುದೂ ಅದರಲ್ಲಿಯೇ. ಬೈಕು ಕೊಂಡಾಗ ಬಲಗಡೆ ಕೇಬಲ್ ಮೇಲೆ ಉದ್ದಕ್ಕೂ ಇನ್ಸುಲೇಷನ್ ಟೇಪ್ ಸುತ್ತಿದ್ದರು. ಕಿತ್ತರೆ ಅಂಟು ಹಾಗೆಯೇ ಉಳಿಯಿತು, ಡೀಸೆಲ್ ಹಾಕಿ ತಿಕ್ಕಿದೆ. ಎಡಗಡೆ ಎಲ್ಲವೂ ಸಲೀಸಾಗಿ ಬಂತು, ಒಣಬಟ್ಟೆಯೇ ಸಾಕಾಯಿತು.

ದುರ್ಗದ_ಏರು, ಭಾನುವಾರ 21:10

ಇದನ್ನು ಬೆಳಿಗ್ಗೆಯೇ ಹೇಳಬಾರದಿತ್ತೇ! ಬೈಕು ಬೇರೆಯವರಿಂದ ಕೊಂಡದ್ದು ಎಂದೂ ಈಗ ತಿಳಿಯಿತು.

ಗೂಡು_ಮಾರುಕಟ್ಟೆ, ಭಾನುವಾರ 21:34

ಸಿಕ್ಕಿತು ನೋಡಿ. ಡೀಸೆಲ್ ಅಂಟನ್ನು ಕರಗಿಸುತ್ತದೆ, ಆದರೆ ಸ್ಪಿರಿಟ್‌ನಂತೆ ಬೇಗ ಹಾರಿಹೋಗುವುದಿಲ್ಲ. ಬಟ್ಟೆಗೆ ಒಣಗಿದಂತೆ ಕಂಡರೂ ಎಣ್ಣೆಯ ತೆಳುಪದರ ಲೋಹದ ಮೇಲೆ ಉಳಿದೇ ಇರುತ್ತದೆ. ಅದರ ಮೇಲೆ ಕಾರ್ಕ್ ಟೇಪಿನ ಅಂಟು ಕಚ್ಚಲಿಲ್ಲ. ಸಿಲಿಕೋನ್ ಬೆನ್ನಿನದಕ್ಕಂತೂ ಅಂಟೇ ಇಲ್ಲ, ಒಣ ಮೇಲ್ಮೈಯ ಘರ್ಷಣೆಯೇ ಅದರ ಬಲ. ಪ್ರತಿ ಸಲ ಜಾರಿದಾಗಲೂ ಬಲಗಡೆಯ ಜಿಗುಟು ತೆಗೆಯಲು ಮತ್ತೆ ಡೀಸೆಲ್ ಹಾಕಿರುತ್ತೀರಿ. ಎಡಗಡೆಗೆ ಒಂದು ಹನಿಯೂ ಬಿದ್ದಿಲ್ಲ, ಅದು ನಿಂತಿದೆ.

ಟೇಪ್ ಬಿಚ್ಚಿ ಹ್ಯಾಂಡಲಿಗೆ ಮೂಗು ಹಿಡಿದು ನೋಡಿ, ವಾಸನೆ ಇನ್ನೂ ಇರುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಎರಡು ಸಲ ತೊಳೆದು, ಒಣಗಿಸಿ, ಆಮೇಲೆ ಐಸೊಪ್ರೊಪಿಲ್ ಆಲ್ಕೋಹಾಲಿನಿಂದ ಒರೆಸಿ. ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡ್ ಒರೆಸಲು ಇಟ್ಟುಕೊಂಡಿರುತ್ತಾರೆ. ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಒರೆಸಬೇಕು. ಕೇಬಲ್ ಹೌಸಿಂಗನ್ನೂ ಬಿಡಬೇಡಿ, ಎಣ್ಣೆ ಅಲ್ಲಿಯೂ ಇರುತ್ತದೆ.

ಅಂತರಗಂಗೆ_23, ಭಾನುವಾರ 21:50

ಡೀಸೆಲ್ ಒಂದು ಕಾರಣವಿರಬಹುದು. ಆದರೂ ಎಂಟರ ಸುತ್ತು ತೆಗೆದು ನೋಡಿ ಎಂದೇ ಹೇಳುತ್ತೇನೆ.

ನಂದಿ_ತಪ್ಪಲು, ಸೋಮವಾರ 19:25

ವಾಸನೆ ಇತ್ತು ಸರ್. ಟೇಪಿನ ಒಳಮೈಯೂ ಬೆಣ್ಣೆ ಸವರಿದಂತೆ ನುಣುಪಾಗಿತ್ತು. ನೀವು ಹೇಳಿದಂತೆಯೇ ತೊಳೆದೆ. ಮೊಬೈಲ್ ಅಂಗಡಿಯವರು ಒಂದು ಚಿಕ್ಕ ಶೀಶೆ ಕೊಟ್ಟರು. ನಾಲ್ಕನೇ ಬಟ್ಟೆ ಬಿಳಿಯಾಗಿ ಉಳಿಯಿತು.

ಆದರೆ ಈಗ ಬೇರೊಂದು ಕಾಣುತ್ತಿದೆ. ಬಲಗಡೆ, ಸ್ಟೆಮ್‌ನಿಂದ ನಾಲ್ಕು ಬೆರಳು ಆಚೆ, ಕೇಬಲ್ ಕೂತಿದ್ದ ಗೆರೆಯ ಉದ್ದಕ್ಕೂ ಬೂದುಬಣ್ಣದ ಪದರವಿದೆ. ಅದು ಹಳೆಯ ಅಂಟಿರಬೇಕು ಎಂದೇ ಇಷ್ಟು ದಿನ ತಿಕ್ಕಿದ್ದೆ. ಉಗುರಿನಿಂದ ಕೆರೆದರೆ ಸುಣ್ಣದಂತೆ ಪುಡಿ ಉದುರಿತು. ಕೆಳಗೆ ಕುಳಿಗಳಿವೆ, ಒಂದೆರಡರಲ್ಲಿ ರಾಗಿ ಕಾಳು ಕೂರುತ್ತದೆ. ಚಿತ್ರ ಹಾಕಿದ್ದೇನೆ. ಎಂ-ಸೀಲ್ ತುಂಬಿ ಉಜ್ಜಿ ನಯ ಮಾಡಿ ಟೇಪ್ ಸುತ್ತಿದರೆ ನಡೆಯುತ್ತದೆಯೇ?

ಗೂಡು_ಮಾರುಕಟ್ಟೆ, ಸೋಮವಾರ 19:48

ನಡೆಯುವುದಿಲ್ಲ. ಕೈಮುಗಿದು ಕೇಳುತ್ತೇನೆ, ಆ ಹ್ಯಾಂಡಲಿನಲ್ಲಿ ಮತ್ತೆ ಬೆಟ್ಟ ಇಳಿಯಬೇಡಿ.

ಅದು ಅಂಟಲ್ಲ, ಅಲ್ಯೂಮಿನಿಯಂ ತಿಂದುಹೋಗಿರುವ ಗುರುತು. ಬೆವರಿನ ಉಪ್ಪು ಟೇಪಿನೊಳಗೆ ಇಳಿದು, ಇನ್ಸುಲೇಷನ್ ಟೇಪಿನ ಅಡಿಯಲ್ಲಿ ಆರದೆ ಕೂತು, ವರ್ಷಗಟ್ಟಲೆ ಕೊರೆದಿದೆ. ಹಿಂದಿನ ಮಾಲೀಕರು ಮನೆಯೊಳಗೆ ಟ್ರೈನರ್ (ಬೈಕನ್ನು ನಿಂತಲ್ಲಿಯೇ ತುಳಿಯಲು ಕೂರಿಸುವ ಸ್ಟ್ಯಾಂಡ್) ಮೇಲೆ ಓಡಿಸುತ್ತಿದ್ದರೇ ಎಂದು ಕೇಳಿ ನೋಡಿ. ಅಲ್ಲಿ ಗಾಳಿಯಿಲ್ಲ, ಬೆವರೆಲ್ಲ ನೇರ ಹ್ಯಾಂಡಲ್ ಮೇಲೆ ಬೀಳುತ್ತದೆ. ಉಕ್ಕು ಬಾಗಿ ಸುಳಿವು ಕೊಡುವುದೇ ಹೆಚ್ಚು. ಅಲ್ಯೂಮಿನಿಯಂ ಕುಳಿಯಿಂದ ಕೂದಲೆಳೆಯ ಬಿರುಕು ಶುರುವಾಗಿ, ಪ್ರತಿ ಅದುರಿಗೂ ಸ್ವಲ್ಪ ಸ್ವಲ್ಪ ಬೆಳೆದು, ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ. ಎಂ-ಸೀಲ್ ಕುಳಿಯನ್ನು ಮುಚ್ಚುತ್ತದೆ, ಬಿರುಕನ್ನು ಹಿಡಿದಿಡುವುದಿಲ್ಲ.

ನನ್ನ ತಮ್ಮನ ಬೈಕಿನಲ್ಲಿ ಇಂಥದೇ ಬಿರುಕು ಕಂಡದ್ದು ಸುಮ್ಮನೆ ಟೇಪಿನ ಬಣ್ಣ ಬದಲಿಸಲು ಬಿಚ್ಚಿದಾಗ. ಹಿಂದಿನ ವಾರವಷ್ಟೇ ಅವನು ಅದರಲ್ಲಿ ನಂದಿ ಇಳಿದಿದ್ದ. ಅಂದಿನಿಂದ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಟೇಪ್ ಚೆನ್ನಾಗಿದ್ದರೂ ಬಿಚ್ಚುತ್ತೇವೆ.

ದುರ್ಗದ_ಏರು, ಸೋಮವಾರ 20:05

ಚಿತ್ರ ನೋಡಿ ನನಗೂ ಗಾಬರಿಯಾಯಿತು. ಬದಲಿಸಿಬಿಡಿ. ಸಾದಾ ಅಲ್ಯೂಮಿನಿಯಂ ಹ್ಯಾಂಡಲ್ ಸಾಕು. ಸ್ಟೆಮ್ ಹಿಡಿಯುವ ಜಾಗದ ವ್ಯಾಸ ಅಳೆದುಕೊಳ್ಳಿ. ಈಗಿನವು ಬಹುತೇಕ 31.8 ಮಿ.ಮೀ., ಹಳೆಯವಕ್ಕೆ 26 ಅಥವಾ 25.4 ಇರುತ್ತದೆ. ಸ್ಟೆಮ್ ಬೋಲ್ಟ್‌ಗಳನ್ನು ಒಂದೊಂದೇ ಪೂರ್ತಿ ಬಿಗಿಯಬೇಡಿ, ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಎಷ್ಟು ಬಿಗಿಯಬೇಕೆಂದು ಸ್ಟೆಮ್ ಮೇಲೆಯೇ ಬರೆದಿರುತ್ತದೆ, ಹೆಚ್ಚಿನವುಗಳಲ್ಲಿ 5 ನ್ಯೂಟನ್ ಮೀಟರ್. ತುದಿಯ ಪ್ಲಗ್‌ಗಳನ್ನು ಮರೆಯಬೇಡಿ. ಬಿದ್ದಾಗ ತೆರೆದ ಕೊಳವೆಯ ಬಾಯಿ ತೊಡೆಗೆ ಚುಚ್ಚಿದರೆ ದೊಡ್ಡ ಗಾಯವಾಗುತ್ತದೆ.

ಗೌರಿಬಿದನೂರು_ರಸ್ತೆ, ಸೋಮವಾರ 20:31

ಕಾರ್ಬನ್‌ಗೆ ಬನ್ನಿ, ಬೆವರು ತಿನ್ನುವ ಗೋಜೇ ಇಲ್ಲ. ನನ್ನ ಹಳೆಯದು 42, ಕೊಡಬಲ್ಲೆ. ಒಮ್ಮೆ ಬಿದ್ದಿತ್ತು, ಗೀರು ಬಿಟ್ಟರೆ ಏನೂ ಆಗಿಲ್ಲ.

ಗೂಡು_ಮಾರುಕಟ್ಟೆ, ಸೋಮವಾರ 20:40

ಬಿದ್ದ ಕಾರ್ಬನ್ ಬೇಡವೇ ಬೇಡ. ಒಳಗಿನ ಪದರ ಬಿಟ್ಟಿದ್ದರೆ ಹೊರಗಿನಿಂದ ಕಾಣುವುದಿಲ್ಲ. ನಿಮ್ಮ ಒಳ್ಳೆಯ ಮನಸ್ಸಿಗೆ ವಂದನೆ, ಆದರೆ ಅದನ್ನು ನೀವೂ ಬಳಸಬೇಡಿ.

ಗೌರಿಬಿದನೂರು_ರಸ್ತೆ, ಸೋಮವಾರ 20:52

ಎರಡು ವರ್ಷ ಅದರಲ್ಲಿಯೇ ಓಡಿಸಿದ್ದೇನೆ ಸರ್, ಸುಮ್ಮನೆ ಹೆದರಿಸಬೇಡಿ. ಇದಕ್ಕೆ ಬೇರೆ ಚರ್ಚೆ ಶುರು ಮಾಡುತ್ತೇನೆ, ಅಲ್ಲಿ ಬನ್ನಿ.

ನಂದಿ_ತಪ್ಪಲು, ಮಂಗಳವಾರ 7:15

ಬೈಕನ್ನು ಗೋಡೆಗೆ ಒರಗಿಸಿಬಿಟ್ಟಿದ್ದೇನೆ, ಈ ಭಾನುವಾರ ಸವಾರಿ ಇಲ್ಲ. ಹಿಂದಿನ ಮಾಲೀಕರಿಗೆ ಫೋನ್ ಮಾಡಿದೆ. ಹೌದು, ಎರಡು ವರ್ಷ ಮನೆಯಲ್ಲಿ ಟ್ರೈನರ್ ಮೇಲೆಯೇ ಇತ್ತಂತೆ. ಬಲಗಡೆ ಫ್ಯಾನ್ ಗಾಳಿ ತಾಗುತ್ತಿರಲಿಲ್ಲವಂತೆ. ಎಡಗಡೆಯ ಟೇಪನ್ನೂ ಬಿಚ್ಚಿದೆ, ಅಲ್ಲಿ ಚುಕ್ಕಿಯಷ್ಟು ಕಲೆಯಿದೆ, ಕುಳಿಯಿಲ್ಲ.

ಸ್ಟೆಮ್ ಜಾಗ 31.8 ಬಂತು. ಅಗಲದಲ್ಲಿ ಗೊಂದಲವಿದೆ. ಹ್ಯಾಂಡಲ್ ಮೇಲೆ 42 ಎಂದು ಬರೆದಿದೆ. ಕೊಳವೆಯ ಮಧ್ಯದಿಂದ ಮಧ್ಯಕ್ಕೆ ಅಳೆದರೆ 40 ಬರುತ್ತದೆ, ಹೊರ ಅಂಚಿನಿಂದ ಹೊರ ಅಂಚಿಗೆ 42ಕ್ಕಿಂತ ಕೂದಲೆಳೆ ಹೆಚ್ಚು. ಹೊಸದಕ್ಕೆ ಯಾವುದನ್ನು ಹೇಳಲಿ?

ದುರ್ಗದ_ಏರು, ಮಂಗಳವಾರ 7:40

ಕಂಪನಿಯಿಂದ ಕಂಪನಿಗೆ ಅಳೆಯುವ ಕ್ರಮ ಬೇರೆ. ನಿಮ್ಮ ಕೈ 40ಕ್ಕೆ ಒಗ್ಗಿದೆ, ಮಧ್ಯದಿಂದ ಮಧ್ಯಕ್ಕೆ 40 ಎಂದು ಕೇಳಿ. ಅಂಗಡಿಗೆ ಹಳೆಯ ಹ್ಯಾಂಡಲನ್ನೇ ತೆಗೆದುಕೊಂಡು ಹೋಗಿ ಪಕ್ಕದಲ್ಲಿಟ್ಟು ನೋಡಿದರೆ ಇನ್ನೂ ಒಳ್ಳೆಯದು.

ಅಂತರಗಂಗೆ_23, ಮಂಗಳವಾರ 8:02

ಹೊಸ ಹ್ಯಾಂಡಲ್ ಬಂದ ಮೇಲೆ ಒಂದು ಕಡೆ ಎಂಟರ ಸುತ್ತು ಹಾಕಿ, ಇನ್ನೊಂದು ಕಡೆ ಹಾಕದೆ ಸುತ್ತಿ ನೋಡಿ. ತಿಂಗಳಾದ ಮೇಲೆ ಇಲ್ಲಿಯೇ ಬರೆಯಿರಿ, ನಾನು ಕಾಯುತ್ತಿರುತ್ತೇನೆ.

ನಂದಿ_ತಪ್ಪಲು, ಮಂಗಳವಾರ 8:20

ಆಗಲಿ ಅಣ್ಣಾ. ಶಿಡ್ಲಘಟ್ಟದ ಸರ್, ಆ ರೇಷ್ಮೆ ಹುರಿಯ ಕೊನೆಯನ್ನು ಅಡಿಯಲ್ಲಿ ಎಳೆದು ಬಿಗಿಯುವುದು ಹೇಗೆಂದು ಬರೆಯುತ್ತೇನೆ ಎಂದಿದ್ದಿರಲ್ಲ?