ಸಹಾಯ ಬೇಕು: ಟಾಲ್ಯೂಯಿನ್‌ಗೆ ಯಾವ ಮಿತಿ ನಂಬೋದು?
ದಾವಣಗೆರೆ ಗೆಳೆಯರೇ, ನನ್ನ ತಂಗಿ ಈಗ ಮೂರು ತಿಂಗಳ ಗರ್ಭಿಣಿ. ಇಲ್ಲೇ ಒಂದು ಪ್ರಿಂಟಿಂಗ್ ಯೂನಿಟ್‌ನಲ್ಲಿ ಥಿನ್ನರ್ ಅದ್ದಿದ ಬಟ್ಟೆಯಲ್ಲಿ ರೋಲರ್ ಒರೆಸುತ್ತಾಳೆ. ತಲೆಗೆ ಸ್ನಾನ ಮಾಡಿದರೂ ಜಡೆಯಲ್ಲಿ ಅದೇ ವಾಸನೆ. ಥಿನ್ನರ್ ಡಬ್ಬಿ ಮೇಲೆ ಟಾಲ್ಯೂಯಿನ್ (ಬೇಗ ಆವಿಯಾಗುವ ದ್ರಾವಕ) ಅಂತಿದೆ.

"ಎಲ್ಲಾ ಮಿತಿಯೊಳಗೇ ಇದೆ" ಅಂತಾರೆ ಸೂಪರ್‌ವೈಸರ್. ಯಾವ ಮಿತಿ? 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಇದ್ದದ್ದು 8 ಗಂಟೆಯ ಸರಾಸರಿ, ಒಂದು ಘನ ಮೀಟರ್ ಗಾಳಿಗೆ 375 ಮಿಲಿಗ್ರಾಂ. ಕ್ಯಾಲಿಫೋರ್ನಿಯಾದಲ್ಲಿ ಇಡೀ ದಿನಕ್ಕೆ ಮೈಗೆ ಸೇರುವುದಕ್ಕೇ ಮಿತಿ 7 ಮಿಲಿಗ್ರಾಂ! ಸಂತಾನಕ್ಕೆ ತೊಂದರೆ ಕಾಣಿಸದ ಪ್ರಮಾಣವನ್ನು ಅಲ್ಲಿ 1,000ದಿಂದ ಭಾಗಿಸುತ್ತಾರೆ. ಅದು ಎಚ್ಚರಿಕೆ ಬರೆಯಲು ಇಟ್ಟ ಮಿತಿ, ನಿಷೇಧ ಅಲ್ಲ, ಸರಿ. ಆದರೂ ಇಷ್ಟು ಅಂತರವಾ?

ಹರಿಹರ ಕಡೆಯಾದರೂ ಗಾಳಿ ಅಳೆದು ಕೊಡುವವರು ಇದ್ದಾರಾ? ಬೇರೆ ಕೆಲಸಕ್ಕೆ ಹಾಕಿ ಅಂತ ಅರ್ಜಿ ಕೊಟ್ಟವರಿದ್ದರೆ ತಿಳಿಸಿ. "ಸುಮ್ನೆ ಕೆಲಸ ಬಿಡಿಸಿ" ಅನ್ನಬೇಡಿ, ಆ ಸಂಬಳದಲ್ಲೇ ಮನೆ ನಡೆಯೋದು.